ದೊಡ್ಡ ಟ್ಯಾಂಕು, ಹಳೆಯ ದೋಷ

ಹಳೆಯ ಕಾರಿಗೆ ಅದೇ ಕಂಪನಿ ಮುಂದೆ ತಯಾರಿಸಿದ ಮಾದರಿಯ ಬಿಡಿಭಾಗವನ್ನು ಜೋಡಿಸುವ ಪದ್ಧತಿಗೆ ಹಳೆಯ ಕಾರುಗಳನ್ನು ಕಾಪಾಡಿಕೊಂಡು ಬಂದವರ ನಡುವೆ ಒಂದು ಬಗೆಯ ಮರ್ಯಾದೆಯಿದೆ. ಅದು ಇದ್ದುದನ್ನು ಇದ್ದಂತೆಯೇ ಉಳಿಸುವ ಜೀರ್ಣೋದ್ಧಾರವಲ್ಲ, ಮನಬಂದಂತೆ ಮಾಡಿದ ಮಾರ್ಪಾಡೂ ಅಲ್ಲ. ಕಾರಿನ ಮನೆತನದೊಳಗೇ ನಡೆದ ಕೊಡುಕೊಳ್ಳುವಿಕೆ ಎಂದು ಅದನ್ನು ಒಪ್ಪಿಕೊಳ್ಳಲಾಗುತ್ತದೆ. ಅಮೆರಿಕದ ಫೋರ್ಡ್ ಕಂಪನಿ 1964ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ಮಸ್ಟ್ಯಾಂಗ್ ಕಾರಿನ ಮೊದಲ ವರ್ಷಗಳ ಮಾದರಿಗಳಲ್ಲಿ 1969ರ ಅಥವಾ 1970ರ ಮಾದರಿಯ ಪೆಟ್ರೋಲ್ ಟ್ಯಾಂಕನ್ನು ಕೂರಿಸುವುದು ಈ ಪದ್ಧತಿಯ ಬಹು ಪ್ರಸಿದ್ಧ ಉದಾಹರಣೆಗಳಲ್ಲಿ ಒಂದು. ಈ ಬದಲಾವಣೆಯಲ್ಲಿ ಕೆಲಸಗಾರಿಕೆ ಅಚ್ಚುಕಟ್ಟಾಗಿದೆ, ಸಿಗುವ ಲಾಭವೂ ಸುಳ್ಳಲ್ಲ. ಆದರೆ ಆ ಟ್ಯಾಂಕಿನಲ್ಲಿ ನಿಜಕ್ಕೂ ಬದಲಾಗಬೇಕಾಗಿದ್ದುದು ಅದರ ಗಾತ್ರವಲ್ಲ ಎಂಬ ಸಂಗತಿ ಈ ಮೆಚ್ಚುಗೆಯ ಮಾತುಗಳ ನಡುವೆ ಮರೆಯಾಗಿಬಿಟ್ಟಿದೆ.

ವಿಷಯವನ್ನು ತೂಗಿ ನೋಡಲು ಮೊದಲು ಆ ಕಾರಿನ ಹಿಂಭಾಗದ ರಚನೆಯನ್ನು ತಿಳಿಯಬೇಕು. ಬಹುತೇಕ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ನೆಲದ ತಗಡಿನ ಕೆಳಗೆ ಲೋಹದ ಪಟ್ಟಿಗಳಿಂದ ಕಟ್ಟಿಸಿಕೊಂಡು ತೂಗುತ್ತಿರುತ್ತದೆ. ಹಾಗಾಗಿ ಟ್ಯಾಂಕಿಗೂ ಸಾಮಾನು ಇಡುವ ಡಿಕ್ಕಿಗೂ ನಡುವೆ ಕಾರಿನದೇ ಒಂದು ಉಕ್ಕಿನ ಪದರ ಉಳಿಯುತ್ತದೆ. ಮಸ್ಟ್ಯಾಂಗ್ ಹಾಗಲ್ಲ. ತಯಾರಿಕೆಯ ವೆಚ್ಚ ತಗ್ಗಿಸುವುದಕ್ಕಾಗಿ ಫೋರ್ಡ್ ಕಂಪನಿಯ ಅಗ್ಗದ ಕಾರಾದ ಫಾಲ್ಕನ್‌ನ ಅಡಿಕಟ್ಟಿನ ಮೇಲೆ ರೂಪುಗೊಂಡ ಈ ಕಾರಿನ ಡಿಕ್ಕಿಯ ನೆಲದಲ್ಲಿ ಒಂದು ದೊಡ್ಡ ಚೌಕಾಕಾರದ ತೆರವು ಇದೆ. ಟ್ಯಾಂಕನ್ನು ಮೇಲಿನಿಂದ ಆ ತೆರವಿನೊಳಕ್ಕೆ ಇಳಿಸಿ, ಅದರ ಸುತ್ತಲಿನ ಅಂಚನ್ನು ನೆಲದ ತಗಡಿಗೆ ಸ್ಕ್ರೂಗಳಿಂದ ಬಿಗಿದು, ಸಂದಿಗೆ ಮೇಣದಂಥ ಅಂಟನ್ನು ಮೆತ್ತಲಾಗುತ್ತದೆ. ಆದ್ದರಿಂದ ಡಿಕ್ಕಿಯ ಮ್ಯಾಟನ್ನು ಎತ್ತಿದರೆ ಕಾಣುವ ನೆಲವು ನೆಲವೇ ಅಲ್ಲ, ಟ್ಯಾಂಕಿನ ನೆತ್ತಿ. ಪೆಟ್ರೋಲ್ ತುಂಬುವ ಬಾಯಿ ಹಿಂದಿನ ದೀಪಗಳ ನಡುವೆ, ಕಾರಿನ ಅಲಂಕಾರದ ಒಂದು ಭಾಗವೆಂಬಂತೆ ಕೂತಿದೆ; ಅಲ್ಲಿಂದ ಒಳಬರುವ ಕೊಳವೆಯು ಡಿಕ್ಕಿಯ ಒಳಗೇ ಹಾದು, ಎರಡು ಕ್ಲಿಪ್ಪುಗಳಿಂದ ಬಿಗಿದ ಒಂದು ತುಂಡು ರಬ್ಬರ್ ಹೋಸಿನ ಮೂಲಕ ಟ್ಯಾಂಕನ್ನು ಸೇರುತ್ತದೆ. ಡಿಕ್ಕಿಯ ಮುಂದಿನ ಗೋಡೆಯೋ, ಗಟ್ಟಿ ಛಾವಣಿಯ ಮಾದರಿಯಲ್ಲಿ ಅದು ರಟ್ಟಿನಂಥ ಒಂದು ಹಲಗೆ ಮತ್ತು ಹಿಂದಿನ ಸೀಟಿನ ಒರಗು, ಅಷ್ಟೇ.

1964ರಿಂದ ಮುಂದಿನ ಮೂರು ವರ್ಷಗಳ ಮಾದರಿಗಳಲ್ಲಿ ಈ ಟ್ಯಾಂಕಿಗೆ ಹಿಡಿಸುತ್ತಿದ್ದುದು 16 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 60 ಲೀಟರ್. 1969ರಲ್ಲಿ ಅದು 20 ಗ್ಯಾಲನ್‌ಗೂ 1970ರಲ್ಲಿ 22 ಗ್ಯಾಲನ್‌ಗೂ, ಎಂದರೆ ಸುಮಾರು 83 ಲೀಟರಿಗೂ ಏರಿತು. ಕಾರಿನ ಹೊರಮೈ ಉದ್ದವಾಗಿ ಅಗಲವಾಗಿ ಬೆಳೆದರೂ ಡಿಕ್ಕಿಯ ನೆಲದ ತೆರವು ಮತ್ತು ಟ್ಯಾಂಕಿನ ಅಂಚಿನ ಆಕಾರ ಹಳೆಯ ಅಳತೆಗೆ ಹೊಂದುವಂತೆಯೇ ಉಳಿದಿದ್ದರಿಂದ, ಹೆಚ್ಚಿನ ಪೆಟ್ರೋಲಿಗೆ ಜಾಗ ಸಿಕ್ಕಿದ್ದು ಆಳದಲ್ಲಿ. ಹಳೆಯ ಕಾರಿಗೆ ಹೊಸ ಟ್ಯಾಂಕು ಹೊಂದಿಕೊಳ್ಳುವ ಗುಟ್ಟು ಇದೇ. ಎಂಟು ಸಿಲಿಂಡರಿನ ಎಂಜಿನ್ ಗ್ಯಾಲನ್ನಿಗೆ 15 ಮೈಲಿ ಓಡುತ್ತದೆಂದು ಲೆಕ್ಕ ಹಿಡಿದರೆ, ಆರು ಗ್ಯಾಲನ್ ಹೆಚ್ಚಿಗೆ ಸಿಕ್ಕ ಕಾರು 90 ಮೈಲಿ, ಅಂದರೆ 145 ಕಿಲೋಮೀಟರ್ ಹೆಚ್ಚಿಗೆ ಓಡೀತು. ಪೆಟ್ರೋಲ್ ಬಂಕುಗಳು ದೂರದೂರವಿರುವ ಅಮೆರಿಕದ ಪಶ್ಚಿಮ ರಾಜ್ಯಗಳ ಹೆದ್ದಾರಿಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಹಿಂದಿನ ಆಕ್ಸಲ್‌ನ ಆಚೆಗೆ ಸುಮಾರು 17 ಕಿಲೋ ಭಾರ ಹೆಚ್ಚುತ್ತದೆ. ಮೂತಿಯ ಕಡೆಗೆ ಭಾರ ಹೆಚ್ಚಿರುವ ಈ ಕಾರಿಗೆ ಅದರಿಂದ ಹೇಳಿಕೊಳ್ಳುವಂಥ ತೊಂದರೆಯೇನೂ ಇಲ್ಲ.

ಕೆಲಸದ ಸೂಕ್ಷ್ಮವಿರುವುದು ಟ್ಯಾಂಕಿನಲ್ಲಿ ಅಲ್ಲ, ಅದರ ಮುಂಭಾಗದಲ್ಲಿ ಕೂರುವ ಸೆಂಡರ್ ಎಂಬ ಪುಟ್ಟ ಸಾಧನದಲ್ಲಿ. ಒಂದು ತಂತಿಯ ತೋಳು, ಅದರ ತುದಿಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಟೊಳ್ಳು ಬುರುಡೆ, ತೋಳಿನ ಬುಡದಲ್ಲಿ ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವ ಸುರುಳಿ, ಇವುಗಳ ಜೊತೆಗೆ ಪೆಟ್ರೋಲನ್ನು ಹೀರಿಕೊಳ್ಳುವ ಕೊಳವೆ: ಇಷ್ಟೂ ಸೇರಿ ಸೆಂಡರ್ ಆಗುತ್ತದೆ. ಫೋರ್ಡ್ ಕಾರುಗಳಲ್ಲಿ ಟ್ಯಾಂಕು ಬರಿದಾದಾಗ ಈ ಸುರುಳಿಯ ತಡೆ ಸುಮಾರು 73 ಓಮ್, ತುಂಬಿದಾಗ ಸುಮಾರು 10 ಓಮ್ ಇರುತ್ತದೆ. ಡ್ಯಾಶ್‌ಬೋರ್ಡಿನ ಗೇಜು ಈ ವ್ಯತ್ಯಾಸವನ್ನೇ ಮುಳ್ಳಿನ ಚಲನೆಯಾಗಿ ತೋರಿಸುತ್ತದೆ. ಓಮ್‌ನ ಲೆಕ್ಕ ಎರಡೂ ಕಾಲದ ಕಾರುಗಳಲ್ಲಿ ಒಂದೇ ಆಗಿರುವುದರಿಂದ ಗೇಜನ್ನು ಬದಲಿಸಬೇಕಾಗಿಲ್ಲ. ಆದರೆ ಆಳವಿಲ್ಲದ ಟ್ಯಾಂಕಿಗೆಂದು ಮಾಡಿದ ಹಳೆಯ ಸೆಂಡರನ್ನೇ ಉಳಿತಾಯದ ದೃಷ್ಟಿಯಿಂದ ಹೊಸ ಟ್ಯಾಂಕಿಗೆ ಸಿಕ್ಕಿಸಿದರೆ, ತೋಳು ತಳ ಮುಟ್ಟುವುದಿಲ್ಲ, ಹೀರುವ ಕೊಳವೆಯೂ ಮುಟ್ಟುವುದಿಲ್ಲ. ತಳದಲ್ಲಿ ಪೆಟ್ರೋಲ್ ಉಳಿದಿರುವಾಗಲೇ ಮುಳ್ಳು ಸೊನ್ನೆಗೆ ಇಳಿದು, ಸ್ವಲ್ಪ ಹೊತ್ತಿಗೆ ಎಂಜಿನ್ನೂ ನಿಲ್ಲುತ್ತದೆ. ಹೆಚ್ಚಿನ ಪೆಟ್ರೋಲಿಗಾಗಿ ದುಡ್ಡು ಸುರಿದು, ಆ ಪೆಟ್ರೋಲನ್ನು ಕೈಗೆಟುಕದಲ್ಲಿ ಇರಿಸಿದಂತಾಗುತ್ತದೆ. ಟ್ಯಾಂಕಿನ ವರ್ಷಕ್ಕೆ ಹೊಂದುವ ಸೆಂಡರನ್ನೇ ಬಳಸುವುದು ಇಲ್ಲಿ ತಪ್ಪಿಸಲಾಗದ ನಿಯಮ.

ಉಳಿದ ಹೊಂದಾಣಿಕೆಗಳು ಚಿಕ್ಕವು. ತುಂಬುವ ಕೊಳವೆಯ ಉದ್ದವನ್ನು ಕೆಲವು ಕಾರುಗಳಲ್ಲಿ ತುಸು ಕತ್ತರಿಸಬೇಕಾಗಬಹುದು. ಆಳವಾದ ತಳಕ್ಕೆ ಹೊಗೆಕೊಳವೆ ತಾಗದಂತೆ ನೋಡಿಕೊಳ್ಳಬೇಕು. ಪೆಟ್ರೋಲಿನ ಆವಿ ಗಾಳಿಗೆ ಸೇರದಂತೆ ತಡೆಯುವ ನಿಯಮ ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಗಳಿಂದಲೇ ಜಾರಿಗೆ ಬಂದುದರಿಂದ, ಅಲ್ಲಿಗೆಂದು ತಯಾರಾದ ಟ್ಯಾಂಕಿನಲ್ಲಿ ಆವಿ ಸಾಗಿಸುವ ಹೆಚ್ಚುವರಿ ಕೊಳವೆಗಳಿದ್ದರೆ ಅವನ್ನು ತೆರೆದು ಬಿಡದೆ ಸರಿಯಾಗಿ ಮುಚ್ಚಬೇಕು ಇಲ್ಲವೇ ಆವಿ ಹೀರುವ ಇದ್ದಿಲಿನ ಡಬ್ಬಿಗೆ ಸೇರಿಸಬೇಕು. ರಬ್ಬರ್ ಹೋಸನ್ನು ಮಾತ್ರ ಯಾವ ಕಾರಣಕ್ಕೂ ಹಳೆಯದನ್ನು ಬಳಸಬಾರದು. ಶೇಕಡಾ 10ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಅಮೆರಿಕದಲ್ಲಿ ಮಾಮೂಲಾಗಿದೆ, ಭಾರತದ ಬಂಕುಗಳಲ್ಲಿ ಈ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿದೆ. 1960ರ ದಶಕದ ರಬ್ಬರು ಈ ಮಿಶ್ರಣಕ್ಕೆ ಊದಿಕೊಂಡು ಬಿರಿಯುತ್ತದೆ, ಮತ್ತು ಈ ಕಾರಿನಲ್ಲಿ ಬಿರಿದ ಹೋಸಿನ ಪೆಟ್ರೋಲ್ ಸೋರುವುದು ರಸ್ತೆಗಲ್ಲ, ಡಿಕ್ಕಿಗೆ.

ಇಲ್ಲಿಗೆ ಬಂದಾಗ ವಿಮರ್ಶೆಯ ದಿಕ್ಕು ಬದಲಾಗಲೇಬೇಕು. ಈ ಬದಲಾವಣೆಯ ಪರವಾಗಿ ಪದೇ ಪದೇ ಹೇಳುವ ವಾದವೆಂದರೆ, ಟ್ಯಾಂಕು ಫೋರ್ಡ್ ಕಂಪನಿಯದೇ ವಿನ್ಯಾಸ, ಅದೂ ಮುಂದಿನ ವರ್ಷಗಳದು. ಆದ್ದರಿಂದ ಅದು ಮೊದಲಿನದಕ್ಕಿಂತ ಸುಧಾರಿಸಿದ್ದಾಗಿರಲೇಬೇಕು ಎಂಬುದು. ವಂಶಾವಳಿಯನ್ನು ಗುಣಪತ್ರವೆಂದು ಓದುವ ಈ ವಾದ ಕಾಲಾನುಕ್ರಮದ ಎದುರು ನಿಲ್ಲುವುದಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ ವಾಹನ ಸುರಕ್ಷತಾ ಮಾನದಂಡಗಳಲ್ಲಿ ಇಂಧನ ವ್ಯವಸ್ಥೆಗೆ ಸಂಬಂಧಿಸಿದ್ದು 301ನೆಯ ಮಾನದಂಡ. ಅದು 1968ರ ಜನವರಿ 1ರಂದು ಜಾರಿಗೆ ಬಂದಾಗ, ಕಾರು ಗಂಟೆಗೆ 30 ಮೈಲಿ ವೇಗದಲ್ಲಿ ಮುಂಭಾಗದಿಂದ ಗೋಡೆಗೆ ಅಪ್ಪಳಿಸಿದರೆ ಎಷ್ಟು ಪೆಟ್ರೋಲ್ ಸೋರಬಹುದೆಂಬುದಕ್ಕೆ ಮಾತ್ರ ಮಿತಿ ಹಾಕಿತ್ತು. ಹಿಂದಿನಿಂದ ಬಂದು ಗುದ್ದುವ ಪರೀಕ್ಷೆ ಸೇರಿದ್ದು 1976ರ ಸೆಪ್ಟೆಂಬರ್‌ನಿಂದ ತಯಾರಾದ ಕಾರುಗಳಿಗೆ. ಎಂದರೆ 1969ರ ಟ್ಯಾಂಕಾಗಲಿ 1970ರ ಟ್ಯಾಂಕಾಗಲಿ ಹಿಂಬದಿಯ ಹೊಡೆತವನ್ನು ತಾಳಬೇಕೆಂಬ ಕಾನೂನಿನ ಒತ್ತಾಯವಿಲ್ಲದ ಕಾಲದಲ್ಲಿ ಹುಟ್ಟಿದವು. ಎರಡೂ ಹಳೆಯದರಂತೆ ಡಿಕ್ಕಿಯ ನೆಲವಾಗಿಯೇ ಕೂರುತ್ತವೆ. ಹಿಂದಿನಿಂದ ಬಲವಾದ ಏಟು ಬಿದ್ದಾಗ ಕಾರಿನ ಬಾಲ ಮುದುಡಿ, ಟ್ಯಾಂಕಿನ ಅಂಚಿನ ಸ್ಕ್ರೂಗಳು ಕಿತ್ತು ಅಥವಾ ತುಂಬುವ ಕೊಳವೆ ಕಳಚಿ ಪೆಟ್ರೋಲ್ ಡಿಕ್ಕಿಗೆ ನುಗ್ಗಿದರೆ, ಅದನ್ನು ಸೀಟಿನವರಿಂದ ಬೇರ್ಪಡಿಸುವುದು ಆ ರಟ್ಟಿನ ಹಲಗೆಯೇ. 1978ರಲ್ಲಿ ಫೋರ್ಡ್ ತನ್ನ ಪಿಂಟೊ ಕಾರುಗಳನ್ನು ವಾಪಸು ಕರೆಯಬೇಕಾಗಿ ಬಂದ ಟ್ಯಾಂಕಿನ ವಿವಾದ ಲೋಕಪ್ರಸಿದ್ಧವಾಯಿತು. ಆಕರ್ಷಕ ಮೈಕಟ್ಟಿನ ಮಸ್ಟ್ಯಾಂಗ್‌ಗೆ ಆ ಕುಖ್ಯಾತಿ ಅಂಟಲಿಲ್ಲ. ಅಂಟದಿರುವುದಕ್ಕೆ ವಿನ್ಯಾಸದ ಶ್ರೇಷ್ಠತೆ ಕಾರಣವೆನ್ನುವುದು ಕಷ್ಟ.

ಹೀಗಿರುವಾಗ ಆರು ಗ್ಯಾಲನ್ ಹೆಚ್ಚಿಸುವ ಕೆಲಸವು, ದೋಷವನ್ನು ಹಾಗೆಯೇ ಬಿಟ್ಟು ಅದರ ಸುತ್ತ ಇರುವ ಇಂಧನವನ್ನಷ್ಟೇ ಹೆಚ್ಚಿಸಿದಂತಾಯಿತು. ಇದಕ್ಕೆ ರೇಸಿನ ಇತಿಹಾಸದಿಂದ ಒಂದು ಪೂರ್ವನಿದರ್ಶನವನ್ನು ಮುಂದಿಡುವವರಿದ್ದಾರೆ. ಅಮೆರಿಕದ ರೇಸ್ ಕಾರು ತಯಾರಕ ಕ್ಯಾರೊಲ್ ಶೆಲ್ಬಿ 1965ರಲ್ಲಿ ರೇಸಿಗೆಂದೇ ಸಿದ್ಧಪಡಿಸಿದ ಜಿಟಿ350 ಮಸ್ಟ್ಯಾಂಗ್‌ಗಳಲ್ಲಿ ಎರಡು ಟ್ಯಾಂಕುಗಳ ಕೆಳಭಾಗಗಳನ್ನು ಒಂದರ ಮೇಲೊಂದು ಬೆಸೆದು 30 ಗ್ಯಾಲನ್‌ಗೂ ಮಿಕ್ಕಿ ಹಿಡಿಸುವ ಟ್ಯಾಂಕು ಮಾಡಲಾಗಿತ್ತು. ಆದರೆ ರೇಸಿನ ಕಾರಿನ ಸುತ್ತ ಬೆಂಕಿ ಆರಿಸುವವರು ಕಾದಿರುತ್ತಾರೆ, ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿರುವುದಿಲ್ಲ. ಆ ನಿದರ್ಶನ ಮನೆಯ ಬಳಕೆಯ ಕಾರಿಗೆ ಅನ್ವಯಿಸುವುದಿಲ್ಲ.

ಮೂಲರೂಪದ ಪ್ರಶ್ನೆಯಲ್ಲಿ ಈ ಬದಲಾವಣೆ ಹೆಚ್ಚು ಸುಲಭವಾಗಿ ಪಾಸಾಗುತ್ತದೆ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಒಟ್ಟು ಧೋರಣೆ, ಅನಿವಾರ್ಯವಾದ ಬದಲಾವಣೆಗಳು ಕಣ್ಣಿಗೆ ಹೊಡೆಯದಂತೆಯೂ ಮುಂದೆ ಹಿಂತೆಗೆದುಕೊಳ್ಳಲು ಬರುವಂತೆಯೂ ಇರಬೇಕೆಂಬುದು. ಸ್ಕ್ರೂ ಬಿಚ್ಚಿದರೆ ಹೊರಬರುವ ಟ್ಯಾಂಕು ಈ ಅಳತೆಗೋಲಿಗೆ ಸರಿಹೊಂದುತ್ತದೆ. ತೆಗೆದ ಹಳೆಯ ಟ್ಯಾಂಕನ್ನು ತೊಳೆದು ಎಣ್ಣೆ ಸವರಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮಗಳು 50 ವರ್ಷ ದಾಟಿದ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳನ್ನು ಈ ವರ್ಗಕ್ಕೆ ಸೇರಿಸುತ್ತವೆ. ನೆಲದ ಕೆಲಸವನ್ನೂ ಮಾಡುವ ಟ್ಯಾಂಕು ಬಾಡಿಯ ಭಾಗವೋ ಬರಿಯ ಬಿಡಿಭಾಗವೋ ಎಂದು ಯಾರಾದರೂ ತಕರಾರು ತೆಗೆದರೆ ಅದು ತರ್ಕಪ್ರಿಯರಿಗೆ ಒಳ್ಳೆಯ ಸಾಮಗ್ರಿಯಾದೀತು.

ಹೆಚ್ಚು ಮೆಚ್ಚುಗೆಗೆ ಅರ್ಹವಾದ ಕೆಲಸ ಬೇರೊಂದಿದೆ, ಅದು ಇಷ್ಟು ಜನಪ್ರಿಯವಲ್ಲ. ಹಿಂದಿನ ಸೀಟಿನ ಬೆನ್ನಿಗೆ ರಟ್ಟಿನ ಬದಲು ಉಕ್ಕಿನ ತಗಡಿನ ಗೋಡೆಯನ್ನು ನಿಲ್ಲಿಸಿ ಅಂಚುಗಳನ್ನು ಸಂದಿಯಿಲ್ಲದಂತೆ ಮುಚ್ಚುವುದು, ಟ್ಯಾಂಕಿನ ನೆತ್ತಿಯ ಮೇಲೆ ಇನ್ನೊಂದು ಉಕ್ಕಿನ ಫಲಕವನ್ನು ಹೊದಿಸುವುದು: ಈ ಎರಡರಿಂದ ಡಿಕ್ಕಿಗೆ ತನ್ನದೇ ಆದ ನೆಲವೂ ಗೋಡೆಯೂ ಮೊದಲ ಬಾರಿಗೆ ದೊರಕುತ್ತವೆ. ಸೀಟಿನ ಹಿಂದೆಯೂ ಮ್ಯಾಟಿನ ಅಡಿಯಲ್ಲೂ ಇರುವುದರಿಂದ ಎರಡೂ ಕಣ್ಣಿಗೆ ಬೀಳುವುದಿಲ್ಲ. ಜನಪ್ರಿಯವಾಗದಿರುವುದಕ್ಕೆ ಅದೂ ಒಂದು ಕಾರಣವಿರಬೇಕು, ಏಕೆಂದರೆ ಗೇಜಿನ ಮುಳ್ಳಿನಂತೆ ಪ್ರತಿದಿನ ತಮ್ಮ ಉಪಯೋಗವನ್ನು ಸಾರಿ ಹೇಳುವ ಗುಣ ಅವಕ್ಕಿಲ್ಲ. ಇಳಿಜಾರು ಬೆನ್ನಿನ ಫಾಸ್ಟ್‌ಬ್ಯಾಕ್ ಮಾದರಿಯಲ್ಲಿ ಮಾತ್ರ ನಿಜವಾದ ಇಕ್ಕಟ್ಟಿದೆ: ಹಿಂದಿನ ಸೀಟನ್ನು ಮಡಚಿ, ಅದರ ಹಿಂದಿನ ಕಿರುಬಾಗಿಲಿನಿಂದ ಡಿಕ್ಕಿಯವರೆಗೂ ಉದ್ದನೆಯ ಸಾಮಾನು ಚಾಚುವ ಸೌಲಭ್ಯವೇ ಆ ಮಾದರಿಯ ಆಕರ್ಷಣೆಯಾಗಿರುವಾಗ, ಅಲ್ಲಿ ಗೋಡೆ ಎಬ್ಬಿಸಿದರೆ ಕಾರಿನ ಸ್ವಭಾವವೇ ಕೆಡುತ್ತದೆ. ಅಂಥ ಕಾರಿಗೆ ಟ್ಯಾಂಕಿನ ಮೇಲಿನ ಫಲಕ ಮತ್ತು ಹೊಸ ಹೋಸು ಇವೆರಡಕ್ಕೇ ತೃಪ್ತರಾಗಬೇಕು, ಟ್ಯಾಂಕಿನ ಗಾತ್ರವನ್ನು 16 ಗ್ಯಾಲನ್ನಿನಲ್ಲೇ ಬಿಡುವುದು ಲೇಸು.

ಗಟ್ಟಿ ಛಾವಣಿಯ ಕಾರಿನಲ್ಲಿ ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುವುದಕ್ಕೆ ಅಡ್ಡಿಯೇನೂ ಇಲ್ಲ. ಹಳೆಯ ಟ್ಯಾಂಕನ್ನು ಬರಿದು ಮಾಡಿ ಹೊರತೆಗೆದು ದೂರ ಇರಿಸಿ, ಡಿಕ್ಕಿಗೆ ಗಾಳಿಯಾಡಿಸಿ ಆವಿಯೆಲ್ಲ ಹೋದ ಮೇಲೆ, ಹೊಸ ಟ್ಯಾಂಕು ಇನ್ನೂ ಒಳಗಿಳಿಯದಿರುವ ಆ ನಡುವಿನ ಹೊತ್ತಿನಲ್ಲಿ ಮಾತ್ರ ಕಾರಿನ ಹಿಂಭಾಗದಲ್ಲಿ ವೆಲ್ಡಿಂಗ್ ಕಿಡಿ ಹಾರಿಸಲು ಅವಕಾಶವಿರುತ್ತದೆ. ದೊಡ್ಡ ಟ್ಯಾಂಕಿಗೆಂದು ಅಷ್ಟೆಲ್ಲ ಬಿಚ್ಚಿದವರು ಆ ಹೊತ್ತಿನಲ್ಲಿ ತಗಡಿನ ಗೋಡೆಯನ್ನು ಬೆಸೆಯದೆ ರಟ್ಟಿನ ಹಲಗೆಯನ್ನೇ ಮತ್ತೆ ಸಿಕ್ಕಿಸಿದರೆ, ಅವರ ಕೆಲಸವನ್ನು ಅರ್ಧ ಕೆಲಸವೆಂದೇ ಎಣಿಸಬೇಕಾಗುತ್ತದೆ.