ಹದಿನೈದು ಜನರ ಮದುವೆಗೆ ಹದಿನಾರನೆಯವರು

ಸಣ್ಣ ಮದುವೆಗಳ ಫೋಟೊಗ್ರಫಿಯ ಬಗ್ಗೆ ಈಗ ಒಂದು ಅಭಿಪ್ರಾಯ ಗಟ್ಟಿಯಾಗಿ ನೆಲೆಯೂರಿದೆ. ಮನೆಯಂಗಳದಲ್ಲೋ ತೋಟದಲ್ಲೋ ಬೆಟ್ಟದ ತಪ್ಪಲಲ್ಲೋ ಹತ್ತು ಹದಿನೈದು ಜನರ ಎದುರು ಮದುವೆಯಾಗುವವರಿಗೆ ಫೋಟೊಗ್ರಾಫರ್ ಇದ್ದೂ ಇಲ್ಲದಂತಿರಬೇಕು. ಯಾರನ್ನೂ ನಿಲ್ಲಿಸಿ, ಸಾಲು ಕಟ್ಟಿಸಿ ತೆಗೆಯಬಾರದು. ಎಲ್ಲವೂ ‘ಕ್ಯಾಂಡಿಡ್’ ಆಗಿರಬೇಕು, ಹಿಂದೆ ಕಣ್ತುಂಬುವ ನಿಸರ್ಗವಿರಬೇಕು. ಕಲ್ಯಾಣ ಮಂಟಪಗಳ ಆಡಂಬರದಿಂದ ಬೇಸತ್ತವರಿಗೆ ಈ ಮಾತು ಹಿತವಾಗಿ ಕೇಳಿಸುತ್ತದೆ. ಆ ಬೇಸರ ನ್ಯಾಯವಾದದ್ದೇ. ಧಾರೆಯ ಹೊತ್ತಿನಲ್ಲಿ ಹೆತ್ತವರಿಗೇ ಬೆನ್ನು ಅಡ್ಡ ಹಿಡಿದು ನಿಲ್ಲುವ ನಾಲ್ಕೈದು ಕ್ಯಾಮೆರಾಗಳನ್ನು ನಾವೆಲ್ಲ ನೋಡಿದ್ದೇವೆ. ಆದರೂ ಆ ರೋಗಕ್ಕೆ ಇದು ಮದ್ದಲ್ಲ ಎಂಬುದು ನನ್ನ ವಾದ. ಮದುವೆ ಚಿಕ್ಕದಾದಷ್ಟೂ ಫೋಟೊಗ್ರಾಫರ್ ಆ ಮದುವೆಯ ಒಳಗಿನವರಾಗಬೇಕು. ಅವರ ಕ್ಯಾಮೆರಾ ಬೆಟ್ಟಕ್ಕಿಂತ ಮೊದಲು ಬಂದಿರುವ ಮನುಷ್ಯರ ಕಡೆ ತಿರುಗಬೇಕು.

ನಮ್ಮಲ್ಲಿ ಇಂಥ ಮದುವೆಗೆ ದೊಡ್ಡದೊಂದು ಮಾದರಿಯೇ ಇದೆ. 1966ರ ನವೆಂಬರಿನಲ್ಲಿ ಕುಪ್ಪಳಿಯಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ ನಡೆಯಿತು. ವರದಕ್ಷಿಣೆ, ದುಂದುವೆಚ್ಚ, ಜಾತಕ, ರಾಹುಕಾಲ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಕೆಲವೇ ಆಪ್ತರ ಮುಂದೆ ಗಂಡು ಹೆಣ್ಣು ಸಮಾನರಾಗಿ ನಿಂತು, ತಮಗೆ ಅರ್ಥವಾಗುವ ಭಾಷೆಯಲ್ಲಿ ಪ್ರಮಾಣ ಮಾಡುತ್ತಾರೆ. ಆ ಪ್ರಮಾಣವನ್ನು ಕೇಳಿಸಿಕೊಳ್ಳುವುದೇ ಬಂದವರ ಕೆಲಸ. ಅಂಥ ಮದುವೆಯಲ್ಲಿ ಉಂಡು, ಮುಯ್ಯಿ ಮಾಡಿ ಎದ್ದು ಹೋಗುವ ಅತಿಥಿಯೆಂಬುವನೇ ಇರುವುದಿಲ್ಲ, ಬಂದವರೆಲ್ಲ ಸಾಕ್ಷಿಗಳು. ಅವರ ನಡುವೆ ಕ್ಯಾಮೆರಾ ಹಿಡಿದವರೊಬ್ಬರು ಮಾತ್ರ ‘ನಾನು ಇಲ್ಲಿ ಇಲ್ಲ’ ಎಂದು ನಟಿಸುವುದು ಹೇಗೆ?

ಐನೂರು ಜನರ ಮಂಟಪದಲ್ಲಿ ಕಂಬದ ಮರೆಗೆ ನಿಂತವರನ್ನು ಯಾರೂ ಗಮನಿಸುವುದಿಲ್ಲ. ಹಲಸಿನ ಮರದ ಕೆಳಗೆ ಹದಿನೈದು ಜನ ಕೂತಲ್ಲಿ ಹದಿನಾರನೆಯವರು ಕೆಮ್ಮಿದರೂ ಕೇಳಿಸುತ್ತದೆ. ಮಿರರ್‌ಲೆಸ್ ಕ್ಯಾಮೆರಾದ ಷಟರನ್ನು ಸದ್ದಿಲ್ಲದಂತೆ ಮಾಡಬಹುದು, ಮನುಷ್ಯನ ಇರವನ್ನು ಹಾಗೆ ಮಾಡಲಾಗದು. ಮರೆಯಾಗಿರಬೇಕೆಂದು ದೂರ ನಿಂತು ಉದ್ದ ಲೆನ್ಸ್ ಹಿಡಿದವರನ್ನು ಕಂಡರೆ ಕೂತವರಿಗೆ ಯಾರೋ ತಮ್ಮನ್ನು ಕಾಯುತ್ತಿದ್ದಾರೆ ಎನಿಸುತ್ತದೆ. ಅದೇ ವ್ಯಕ್ತಿ 35 ಮಿಲಿಮೀಟರ್ ಲೆನ್ಸ್ ಹಾಕಿ, ಹಿಂದಿನ ಸಂಜೆಯೇ ಬಂದು, ಅಜ್ಜಿಯ ಕೈಯಿಂದ ಕಾಫಿ ಕುಡಿದು, ಪ್ರತಿಯೊಬ್ಬರ ಹೆಸರು ಕೇಳಿಕೊಂಡಿದ್ದರೆ, ಮರುದಿನ ಎರಡು ಮಾರು ದೂರದಲ್ಲಿ ಕೂತರೂ ಯಾರ ಮುಖವೂ ಬಿಗಿಯುವುದಿಲ್ಲ. ಸಹಜತೆ ಪರಿಚಯದಿಂದ ಹುಟ್ಟುತ್ತದೆ.

ಕ್ಯಾಂಡಿಡ್ ಎಂಬ ನಂಬಿಕೆ ಬೆಳೆದ ಜಾಗ ಬೇರೆ. 1952ರಲ್ಲಿ ಹೊರಬಂದ ಫೋಟೊಗ್ರಾಫರ್ ಕಾರ್ತಿಯೇ-ಬ್ರೆಸ್ಸೋನ ಪುಸ್ತಕ ‘ನಿರ್ಣಾಯಕ ಕ್ಷಣ’ದ ಕಲ್ಪನೆಯನ್ನು ಜಗತ್ತಿಗೆ ಹರಡಿತು. ಆತ ನಡೆದದ್ದು ಬೀದಿಯಲ್ಲಿ, ಅಪರಿಚಿತರ ನಡುವೆ. ಅಲ್ಲಿ ಕಣ್ಣಿಗೆ ಬೀಳದಿರುವುದರಲ್ಲಿ ಅರ್ಥವಿತ್ತು. ತೇಜಸ್ವಿಯವರು ಮೂಡಿಗೆರೆಯ ಕಾಡುತೋಟಗಳಲ್ಲಿ ಹಕ್ಕಿಗಳ ಫೋಟೊ ತೆಗೆದ ತಾಳ್ಮೆ ಕನ್ನಡಿಗರಿಗೆಲ್ಲ ಗೊತ್ತು. ಹಕ್ಕಿಯ ಫೋಟೊ ತೆಗೆಯುವವರು ಮರೆ ಕಟ್ಟಿಕೊಂಡು ಕೂರುವುದು ಹಕ್ಕಿಗೆ ಮನುಷ್ಯ ಬೇಡವಾದ್ದರಿಂದ. ಆದರೆ ಮದುವೆಯ ಜೋಡಿ ಫೋಟೊಗ್ರಾಫರನ್ನು ತಾವಾಗಿ ಕರೆದಿದೆ. ಕರೆದವರ ಮನೆಯಲ್ಲಿ ಹಕ್ಕಿಯ ಮುಂದೆ ಅಡಗಿದಂತೆ ಅಡಗುವುದು ಆ ಕರೆಗೆ ತೋರುವ ಗೌರವವಲ್ಲ.

ಇನ್ನು ಸಾಲು ನಿಲ್ಲಿಸಿ ತೆಗೆಯುವ ಗುಂಪು ಫೋಟೊ. ಇದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದೇ ಈಗಿನ ರುಚಿಯ ಲಕ್ಷಣವಾಗಿದೆ. ನನಗೆ ಇದು ದೊಡ್ಡ ನಷ್ಟವಾಗಿ ಕಾಣುತ್ತದೆ. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ಕುರ್ಚಿಯ ಮೇಲೆ ಹಿರಿಯರು, ಹಿಂದೆ ನಿಂತ ನಡುವಯಸ್ಸಿನವರು, ಮುಂದೆ ಜಮಖಾನದ ಮೇಲೆ ಮಕ್ಕಳು ಇರುವ ಚಿತ್ರ ಈಗಲೂ ತೂಗುತ್ತಿದೆ. ‘ಇದು ಯಾರು, ಅದು ಯಾರ ಮಗ’ ಎಂದು ಮೂರನೆಯ ತಲೆಮಾರು ಕೇಳುವುದು ಆ ಚಿತ್ರದ ಮುಂದೆಯೇ. ಯಾರೋ ನಗುವಾಗ ಅರ್ಧ ಮುಖ ಮಸುಕಾಗಿ ಸಿಕ್ಕ ಚಿತ್ರ ಎಷ್ಟೇ ಚೆಂದವಿರಲಿ, ಆ ಪ್ರಶ್ನೆಗೆ ಅದರಿಂದ ಉತ್ತರ ಸಿಗದು. ಸಾವಿರ ಜನರ ಮದುವೆಯಲ್ಲಿ ಎಲ್ಲರನ್ನೂ ಒಂದೇ ಚೌಕಟ್ಟಿಗೆ ತರಲಾಗದು. ಸಣ್ಣ ಮದುವೆಯಲ್ಲಿ ಅದು ಐದು ನಿಮಿಷದ ಕೆಲಸ. ಬಂದವರೆಲ್ಲರೂ ಒಟ್ಟಿಗೆ, ಮುಖ ಸ್ಪಷ್ಟವಾಗಿ ಕಾಣುವ ಒಂದೇ ಚಿತ್ರ ಸಣ್ಣ ಮದುವೆಗೆ ಮಾತ್ರ ಒಲಿಯುವ ಸೌಭಾಗ್ಯ. ಅದನ್ನು ಕೈಯಾರೆ ಬಿಡುವುದು ಏಕೆ?

ನಿಸರ್ಗದ ಮೋಹದ ಬಗ್ಗೆಯೂ ಹೇಳಬೇಕು. ವಿಶಾಲ ಬೆಟ್ಟಸಾಲಿನ ತುದಿಯಲ್ಲಿ ಎರಡು ಚುಕ್ಕಿಗಳಂತೆ ನಿಂತ ಜೋಡಿ: ಈ ಬಗೆಯ ಚಿತ್ರವೇ ಈಗ ಹೊರಾಂಗಣ ಮದುವೆಯ ಮುದ್ರೆ. ಆ ಎರಡು ಚುಕ್ಕಿಗಳ ಜಾಗದಲ್ಲಿ ಯಾರಿದ್ದರೂ ಚಿತ್ರ ಬದಲಾಗದು ಎಂಬುದೇ ಅದರ ಸೋಲು. ಅದು ಬೆಟ್ಟದ ಚಿತ್ರ. ಈ ಮೋಹ ಜನರನ್ನು ಅಪಾಯದ ಜಾಗಗಳಿಗೂ ಎಳೆಯುತ್ತಿದೆ. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ, ಮದುವೆಗೆ ಮುಂಚಿನ ಫೋಟೊಗಾಗಿ ತೆಪ್ಪ ಹತ್ತಿದ ಜೋಡಿ ನೀರುಪಾಲಾಯಿತು. ಯಾವ ಚಿತ್ರವೂ ಆ ಬೆಲೆಗೆ ತಕ್ಕುದಲ್ಲ. ಹೊರಾಂಗಣವೆಂದರೆ ಕಡಿದಾದ ಬಂಡೆಯೋ ಜಲಪಾತವೋ ಆಗಬೇಕಿಲ್ಲ. ಹುಡುಗಿ ಆಡಿ ಬೆಳೆದ ಅಂಗಳ, ಹುಡುಗನ ತಾತ ನೆಟ್ಟ ಮಾವಿನ ಮರ ಸಾಕು. ಆ ಜಾಗ ಆ ಇಬ್ಬರದೇ ಆದ್ದರಿಂದ ಚಿತ್ರವೂ ಅವರದೇ ಆಗುತ್ತದೆ.

ಹೊರಾಂಗಣಕ್ಕೆ ನಿಜವಾಗಿ ಬೇಕಾದ ಜ್ಞಾನ ಬೆಳಕಿನದು. ಅಡಿಕೆ ತೋಟದೊಳಗೆ ನಡುಹಗಲಲ್ಲಿ ಬಿಸಿಲು ಚೂರುಚೂರಾಗಿ ಬೀಳುತ್ತದೆ. ಕೆನ್ನೆಯ ಮೇಲೆ ಬಿಳಿಯ ಕಲೆ, ಕಣ್ಣಿನ ಗುಳಿಯಲ್ಲಿ ಕಪ್ಪು. ಬಿಳಿ ಪಂಚೆಗೆ ಬೆಳಕು ಹೊಂದಿಸಿದರೆ ಮುಖ ಕತ್ತಲಾಗುತ್ತದೆ, ಮುಖಕ್ಕೆ ಹೊಂದಿಸಿದರೆ ಪಂಚೆ ಸುಟ್ಟಂತೆ ಬೆಳ್ಳಗಾಗುತ್ತದೆ. ದಟ್ಟ ಎಲೆಗಳಿಂದ ಸೋಸಿ ಬಂದ ಬೆಳಕು ಮೈಬಣ್ಣಕ್ಕೆ ಹಸಿರು ಬಳಿಯುತ್ತದೆ. ಇದಕ್ಕೆ ಪರಿಹಾರ ದುಬಾರಿ ಉಪಕರಣವಲ್ಲ, ಹೊತ್ತಿನ ಆಯ್ಕೆ. ಮಂಟಪದ ಮದುವೆಯಲ್ಲಿ ಹೊತ್ತನ್ನು ಪಂಚಾಂಗ ನಿರ್ಧರಿಸುತ್ತದೆ. ಮುಹೂರ್ತದ ಹಂಗಿಲ್ಲದ ಮಂತ್ರಮಾಂಗಲ್ಯದಲ್ಲಿ ಬೆಳಗಿನ ಎಂಟು ಗಂಟೆಯನ್ನೋ ಸಂಜೆಯ ನಾಲ್ಕೂವರೆಯನ್ನೋ ಆರಿಸಿಕೊಳ್ಳಬಹುದು. ಇದನ್ನು ಹೇಳಬೇಕಾದವರು ಫೋಟೊಗ್ರಾಫರ್. ಎಲ್ಲಿ ನಿಂತರೆ ನೆರಳು ಸಮವಾಗಿದೆ, ಪ್ರಮಾಣ ಓದುವವರು ಯಾವ ಕಡೆ ಮುಖ ಮಾಡಿದರೆ ಕಣ್ಣಿಗೆ ಬಿಸಿಲು ಹೊಡೆಯದು ಎಂದು ಮೊದಲೇ ಬಾಯಿಬಿಟ್ಟು ಹೇಳಿದರೆ, ಆಮೇಲೆ ಅರ್ಧ ಗಂಟೆ ಯಾರಿಗೂ ತೊಂದರೆ ಕೊಡದೆ ಕೆಲಸ ಮಾಡಬಹುದು. ‘ಮಧ್ಯೆ ಬಾಯಿ ಹಾಕಬಾರದು’ ಎಂಬ ನಿಯಮಕ್ಕೆ ಅಂಟಿಕೊಂಡು ಸುಮ್ಮನಿದ್ದವರು ಮದುವೆಯ ನಡುವೆಯೇ ಜಾಗ ಬದಲಿಸಿ ಎನ್ನಬೇಕಾಗುತ್ತದೆ.

ಸಣ್ಣ ಮದುವೆಗೆ ಇನ್ನೊಂದು, ಗಂಭೀರವಾದ ಮುಖವಿದೆ. ಹೊರದೇಶಗಳಲ್ಲಿ ಇಬ್ಬರೇ ಹೋಗಿ ಬೆಟ್ಟದ ಮೇಲೆ ಮದುವೆಯಾಗುವುದು ಹೆಚ್ಚಾಗಿ ಇಷ್ಟದ ಆಯ್ಕೆ. ನಮ್ಮಲ್ಲಿ ಜಾತಿ, ಧರ್ಮ ಮೀರಿ ಪ್ರೀತಿಸಿದವರು ಮನೆ ಬಿಟ್ಟು ಬಂದು ನಾಲ್ಕು ಗೆಳೆಯರ ಮುಂದೆ ಹಾರ ಬದಲಿಸುತ್ತಾರೆ. ಅವರ ಮದುವೆ ಚಿಕ್ಕದಾಗುವುದು ಭಯದಿಂದ. ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಕುಟುಂಬದ್ದಾಗಲಿ ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ಮೂವತ್ತು ದಿನಗಳ ನೋಟಿಸು, ಮೂವರು ಸಾಕ್ಷಿಗಳ ಸಹಿ ಬೇಕು. ಫೋಟೊ ಆ ಸಹಿಯ ಜಾಗವನ್ನು ತುಂಬಲಾರದು. ಆದರೂ ನೋಂದಣಿಯ ಕಚೇರಿಯಲ್ಲಾಗಲಿ ಪೊಲೀಸ್ ಠಾಣೆಯಲ್ಲಾಗಲಿ ‘ಇವಳನ್ನು ಬಲವಂತವಾಗಿ ಕರೆದೊಯ್ದರು’ ಎಂಬ ಆರೋಪ ಬಂದಾಗ, ಹುಡುಗಿ ತಲೆಯೆತ್ತಿ ನೇರ ನೋಡುತ್ತಿರುವ, ಗೆಳೆಯರೆಲ್ಲ ಜೊತೆ ನಿಂತ ಸ್ಪಷ್ಟವಾದ ಒಂದು ಚಿತ್ರ ಬಲವಾಗಿ ನಿಲ್ಲುತ್ತದೆ. ಮಂಜಿನಲ್ಲಿ ಬೆನ್ನು ತಿರುಗಿಸಿ ನಡೆಯುವ ಜೋಡಿಯ ಕಾವ್ಯಮಯ ಚಿತ್ರಕ್ಕೆ ಆ ಶಕ್ತಿಯಿಲ್ಲ.

ಇಂಥ ಮದುವೆಯಲ್ಲಿ ಫೋಟೊಗ್ರಾಫರಿನ ಮೊದಲ ಕರ್ತವ್ಯ ಗುಟ್ಟು ಕಾಯುವುದು. ಜಾಗದ ಹೆಸರು ಹಾಕಿ ಅದೇ ಸಂಜೆ ಇನ್‌ಸ್ಟಾಗ್ರಾಂನಲ್ಲಿ ಏರಿಸಿದ ಒಂದು ಚಿತ್ರ ಇಬ್ಬರ ಜೀವಕ್ಕೆ ಎರವಾಗಬಹುದು. ತಮ್ಮ ಕೆಲಸದ ಮಾದರಿಯೆಂದು ತೋರಿಸುವ ಹಕ್ಕನ್ನು ಜೋಡಿ ಬಾಯಿಬಿಟ್ಟು ಕೊಡುವವರೆಗೆ ಆ ಚಿತ್ರಗಳು ಅವರವೇ. ತಾನು ಹೊರಗಿನವ ಎಂದುಕೊಂಡವರಿಗೆ ಈ ಹೊಣೆ ನೆನಪಾಗುವುದಿಲ್ಲ, ತಾನೂ ಸಾಕ್ಷಿ ಎಂದುಕೊಂಡವರಿಗೆ ಹೇಳಿಕೊಡಬೇಕಾಗಿಲ್ಲ.

‘ಹಾಗಿದ್ದರೆ ಫೋಟೊಗ್ರಾಫರೇ ಬೇಡ, ಮೊಬೈಲ್ ಸಾಕು’ ಎನ್ನುವವರಿದ್ದಾರೆ. ಆದರೆ ಮೊಬೈಲ್ ಹಿಡಿದು ನಿಂತ ತಂಗಿ ಅಕ್ಕನ ಪ್ರಮಾಣವನ್ನು ಪರದೆಯಲ್ಲಿ ನೋಡುತ್ತಾಳೆ. ಹದಿನೈದು ಜನರಲ್ಲಿ ಒಬ್ಬರು ಕಡಿಮೆಯಾದರೂ ಅದು ದೊಡ್ಡ ಕೊರತೆ. ಎಲ್ಲರೂ ಕೈ ಖಾಲಿ ಬಿಟ್ಟು ಕೂರಲಿ ಎಂಬುದಕ್ಕಾಗಿಯೇ ಒಬ್ಬರಿಗೆ ಈ ಕೆಲಸ ಒಪ್ಪಿಸಬೇಕು.

ಆದ್ದರಿಂದ ಸಣ್ಣ ಮದುವೆ ಮಾಡಿಕೊಳ್ಳುವವರು ಫೋಟೊಗ್ರಾಫರನ್ನು ಒಪ್ಪಿಸುವಾಗ ‘ಕಾಣಿಸಿಕೊಳ್ಳಬೇಡಿ’ ಎನ್ನುವುದನ್ನು ಬಿಡಲಿ. ಹಿಂದಿನ ದಿನ ಬನ್ನಿ, ಎಲ್ಲರ ಹೆಸರು ತಿಳಿಯಿರಿ, ಹೊತ್ತು ಮತ್ತು ಜಾಗದ ಬಗ್ಗೆ ಸಲಹೆ ಕೊಡಿ, ಪ್ರಮಾಣ ಓದುವಾಗ ಕೇಳುವವರ ಮುಖವನ್ನೂ ತೆಗೆಯಿರಿ, ಒಂದೆರಡು ನಿಮಿಷ ಕ್ಯಾಮೆರಾ ಇಳಿಸಿ ನೀವೂ ಕೇಳಿ, ಊಟಕ್ಕೆ ಮೊದಲು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಎಂದು ಕೇಳಲಿ. ಆ ಕೊನೆಯ ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂದೆ ಹೆಸರುಗಳನ್ನೂ ತಾರೀಕನ್ನೂ ಬರೆದು, ಬಂದ ಪ್ರತಿಯೊಬ್ಬರಿಗೂ ಒಂದೊಂದು ಕೊಡಲಿ. ಸಾವಿರ ಜನರನ್ನು ಕರೆಯದೆ ಹದಿನೈದು ಜನರನ್ನು ಆರಿಸಿಕೊಂಡದ್ದು ಏಕೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.