ಮಾಯಾಳ ಮಾತು, ಮೋನಿಷಾಳ ನಗು

ಹಿಂದಿ ಟಿ.ವಿ.ಗೆ 2000ದ ದಶಕ ಅತ್ತೆ-ಸೊಸೆಯರ ದಶಕ. 2000ದ ಜುಲೈಯಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಶುರುವಾದ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' 2008ರವರೆಗೆ ಎಳೆಯಿತು. ಅದರ ಅಚ್ಚಿನಲ್ಲೇ ಹುಟ್ಟಿದ ಧಾರಾವಾಹಿಗಳಿಗೆ ಲೆಕ್ಕವಿಲ್ಲ. ಮಲಗುವ ಹೊತ್ತಿನಲ್ಲೂ ಮೈತುಂಬ ಒಡವೆ, ಒಂದು ಮಾತಿಗೆ ಮೂರು ಸಲ ಗುಡುಗು, ಅತ್ತೆಯೆಂದರೆ ಸಂಚು, ಸೊಸೆಯೆಂದರೆ ಕಣ್ಣೀರು. ಕನ್ನಡದ ವಾಹಿನಿಗಳೂ ಈ ದಾರಿಯಲ್ಲಿ ಹಿಂದೆ ಬೀಳಲಿಲ್ಲ. ಇಂಥ ಕಾಲದಲ್ಲಿ, ಅದೇ ಸ್ಟಾರ್ ಸಂಸ್ಥೆಯ ಹೊಸ ವಾಹಿನಿ ಸ್ಟಾರ್ ಒನ್‌ನಲ್ಲಿ, 2004ರ ನವೆಂಬರ್‌ನಿಂದ ಒಂದು ಹಾಸ್ಯ ಧಾರಾವಾಹಿ ಬಂತು. ಅದರಲ್ಲೂ ಅತ್ತೆ-ಸೊಸೆಯರೇ. ಆದರೆ ಈ ಅತ್ತೆ ವಿಷ ಹಾಕುವವಳಲ್ಲ, ಉಚ್ಚಾರ ತಿದ್ದುವವಳು. ಸೊಸೆ ಅಳುವವಳಲ್ಲ, ರಿಯಾಯಿತಿ ಮಾರಾಟ ಎಲ್ಲಿದೆಯೆಂದು ಹುಡುಕಿಕೊಂಡು ಹೋಗುವವಳು. ಹೆಸರು 'ಸಾರಾಭಾಯ್ ವರ್ಸಸ್ ಸಾರಾಭಾಯ್'.

ನಾನು ಈ ಧಾರಾವಾಹಿಯ ಅಭಿಮಾನಿ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ಮಾತುಗಳಲ್ಲಿ ವಿಮರ್ಶಕನ ತಣ್ಣನೆಯ ದೂರವನ್ನು ಓದುಗರು ನಿರೀಕ್ಷಿಸಬಾರದು. ಇಪ್ಪತ್ತು ವರ್ಷಗಳಿಂದ ಅದರ ಕಂತುಗಳನ್ನು ಎಷ್ಟು ಸಲ ನೋಡಿದ್ದೇನೆಂದರೆ, ಯಾವ ಮಾತಿನ ನಂತರ ಸತೀಶ್ ಶಾ ಯಾವ ಕಡೆ ಕಣ್ಣು ಹೊರಳಿಸುತ್ತಾರೆ ಎಂಬುದೂ ಬಾಯಿಪಾಠವಾಗಿದೆ.

ನೋಡದವರಿಗಾಗಿ ಎರಡು ಮಾತು. ಮುಂಬಯಿಯ ಕಫ್ ಪರೇಡ್‌ನ ಶ್ರೀಮಂತ ಗುಜರಾತಿ ಕುಟುಂಬ. ಮನೆಯ ಯಜಮಾನ ಇಂದ್ರವದನ ಸಾರಾಭಾಯ್ ಆಗಿ ಸತೀಶ್ ಶಾ, ಹೆಂಡತಿ ಮಾಯಾ ಆಗಿ ರತ್ನಾ ಪಾಠಕ್ ಶಾ. ಹಿರಿಮಗ ಸಾಹಿಲ್ (ಸುಮೀತ್ ರಾಘವನ್) ಸೌಂದರ್ಯ ಚಿಕಿತ್ಸೆಯ ವೈದ್ಯ. ಅವನು ಪ್ರೀತಿಸಿ ಮದುವೆಯಾದದ್ದು ನೋಯ್ಡಾ ಕಡೆಯ ಪಂಜಾಬಿ ಹುಡುಗಿಯನ್ನು. ಅವಳ ಹೆಸರು ಮನೀಷಾ. ಆ ಹೆಸರು ತೀರಾ ಮಿಡ್ಲ್ ಕ್ಲಾಸ್ ಎಂದು ಅತ್ತೆ ಅದನ್ನು ಮೋನಿಷಾ ಎಂದು ಬದಲಿಸಿದ್ದಾಳೆ. ಆ ಪಾತ್ರ ರೂಪಾಲಿ ಗಂಗೂಲಿಯದು. ಕಿರಿಮಗ ರೋಸೇಶ್ (ರಾಜೇಶ್ ಕುಮಾರ್) ನಾಟಕದವನು, ಅದಕ್ಕಿಂತ ಹೆಚ್ಚಾಗಿ ಕವಿ. ಅವನ ಕವಿತೆ ಕೇಳಿದ ಮೇಲೆ ಕಾವ್ಯ ಮೀಮಾಂಸೆಯ ಅಗತ್ಯವೇ ಉಳಿಯುವುದಿಲ್ಲ. ಅಳಿಯ ದುಷ್ಯಂತನಿಗೆ ಮನೆಯ ಯಾವ ಯಂತ್ರ ಕಂಡರೂ ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸುವ ರೋಗ. ಆ ಪಾತ್ರ ಮಾಡಿದ ದೇವೆನ್ ಭೋಜಾನಿಯೇ ಧಾರಾವಾಹಿಯ ನಿರ್ದೇಶಕ. ಬರೆದವರು ಆತಿಶ್ ಕಪಾಡಿಯಾ. ಅವರೂ ಜೆ.ಡಿ. ಮಜೇಠಿಯಾ ಅವರೂ ಕೂಡಿ ನಿರ್ಮಿಸಿದರು. ಇದೇ ಜೋಡಿ 2002ರಲ್ಲಿ 'ಖಿಚಡಿ' ಕೊಟ್ಟಿತ್ತು.

ಮಾಯಾಳ ಬಾಯಲ್ಲಿ 'ಮಿಡ್ಲ್ ಕ್ಲಾಸ್' ಎಂಬುದು ಬೈಗುಳ. ಬಡತನಕ್ಕೂ ಈ ಬೈಗುಳಕ್ಕೂ ಸಂಬಂಧವಿಲ್ಲ, ಏಕೆಂದರೆ ಮೋನಿಷಾ ಇರುವುದೂ ಅದೇ ಕಟ್ಟಡದಲ್ಲಿ, ಅವಳ ಗಂಡನ ಸಂಪಾದನೆಯೂ ಚೆನ್ನಾಗಿಯೇ ಇದೆ. ಅವಳ ತಪ್ಪೇನೆಂದರೆ ಚೌಕಾಸಿ ಮಾಡುತ್ತಾಳೆ, ಮನೆಯನ್ನು ಹರಡಿಕೊಂಡಿರುತ್ತಾಳೆ, ಟಿ.ವಿ. ಧಾರಾವಾಹಿ ನೋಡುತ್ತಾಳೆ, ನಗು ಬಂದರೆ ಗಟ್ಟಿಯಾಗಿ ನಗುತ್ತಾಳೆ. ಅಂದರೆ ಮಾಯಾ ಅಳೆಯುವುದು ದುಡ್ಡನ್ನಲ್ಲ, ನಾಲಿಗೆಯನ್ನು, ಅಭಿರುಚಿಯನ್ನು.

ಈ ಅಳತೆಗೋಲು ಕನ್ನಡದವರಿಗೆ ಹೊಸದೇನಲ್ಲ. 'ಹ'ಕಾರ ಬಿಟ್ಟು ಮಾತಾಡುವ ಮಕ್ಕಳು ತರಗತಿಯಲ್ಲಿ ನಗೆಪಾಟಲಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಇಂಗ್ಲಿಷ್ ಬೆರೆಸಿ ಮಾತಾಡುವ ಮೇಲುವರ್ಗವನ್ನು ಅದರದೇ ಭಾಷೆಯಲ್ಲಿ ನಗಿಸಿ ಚುಚ್ಚಿದ ಕೈಲಾಸಂ ನಮ್ಮಲ್ಲಿದ್ದರು, ನಿಜ. ಆದರೆ ನಮ್ಮ ಕಂಪನಿ ನಾಟಕ ಮತ್ತು ಸಿನಿಮಾಗಳ ಹಾಸ್ಯ ಬಹಳ ಸಲ ಹಿಡಿದದ್ದು ಅದಕ್ಕೆ ವಿರುದ್ಧವಾದ ದಾರಿ. ಅಲ್ಲಿ ಸಾಬಿಯ ಪಾತ್ರವೊಂದು ಬಂದರೆ ಸಾಕು, 'ನಮ್ದೂಕೆ ನಿಮ್ದೂಕೆ' ಶುರುವಾಯಿತು. ಮನೆಯಲ್ಲಿ ದಖ್ಖನಿಯನ್ನೋ ಬ್ಯಾರಿಯನ್ನೋ ಆಡಿ, ಹೊರಗೆ ಅಚ್ಚುಕಟ್ಟಾದ ಕನ್ನಡ ಆಡುವ ಸಾವಿರಾರು ಜನರಿಗೆ ಆ ಪಾತ್ರದ ಕನ್ನಡ ಯಾವ ಊರಿನದೆಂದು ಇಂದಿಗೂ ಗೊತ್ತಿಲ್ಲ. ಆ ನಗೆಯಲ್ಲಿ ಒಂದು ಏರ್ಪಾಡಿದೆ. ನಗುವವನು ಪ್ರೇಕ್ಷಕ, ನಗೆಗೀಡಾದವನು ವೇದಿಕೆಯಲ್ಲಿರುವವನು. ಅವನಿಗೆ ತಿರುಗಿ ನಗುವ ಸರದಿ ಬರುವುದೇ ಇಲ್ಲ. ಅವನು ಬರುತ್ತಾನೆ, ತಪ್ಪು ಮಾತಾಡುತ್ತಾನೆ, ಹೋಗುತ್ತಾನೆ.

ಸಾರಾಭಾಯ್ ಧಾರಾವಾಹಿಯ ಮೇಲೆ ಗೆಳೆಯರು ಹೊರಿಸುವ ಆರೋಪವೂ ಇದೇ: ಶ್ರೀಮಂತಳು ಮಧ್ಯಮ ವರ್ಗದವಳನ್ನು ಹೀಯಾಳಿಸುವುದನ್ನು ನೋಡಿ ಮಧ್ಯಮ ವರ್ಗದ ನೀವು ನಗುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ? ಆರೋಪ ಹಗುರವಾದದ್ದಲ್ಲ. ಆದರೆ ಮೊದಲ ಆವೃತ್ತಿಯ ಮಟ್ಟಿಗೆ ಅದು ನಿಲ್ಲುವುದಿಲ್ಲ. ಮಾಯಾಳ ಮಾತು ಮೋನಿಷಾಳನ್ನು ತಾಗುವುದೇ ಇಲ್ಲ. ಅವಳು ನೊಂದುಕೊಂಡು ಮೂಲೆ ಸೇರುವುದಿಲ್ಲ, ತನ್ನನ್ನು ತಿದ್ದಿಕೊಂಡು ಮತ್ತೊಬ್ಬ ಮಾಯಾ ಆಗುವುದೂ ಇಲ್ಲ. ಅತ್ತೆ ಹೇಳಿದ್ದನ್ನು ಕೇಳಿ, ಕಣ್ಣರಳಿಸಿ, ಮತ್ತೆ ತಾನು ಮಾಡುತ್ತಿದ್ದುದನ್ನೇ ಮಾಡುತ್ತಾಳೆ. ಕೊನೆಗೆ ಸೋತು ಕೂರುವವಳು ಮಾಯಾ. ಅಷ್ಟು ಓದಿ, ಅಷ್ಟು ಚಿತ್ರಪ್ರದರ್ಶನ ನೋಡಿ, ಅಷ್ಟು ಮೆದುದನಿಯಲ್ಲಿ ಮಾತಾಡಿದರೂ ತನ್ನ ಮನೆಯೊಳಗೇ ಅವಳ ಮಾತು ನಡೆಯುವುದಿಲ್ಲ. ಅವಳು ಮೆಚ್ಚುವ ಏಕೈಕ ಕವಿ ರೋಸೇಶ್ ಎಂಬುದಕ್ಕಿಂತ ದೊಡ್ಡ ಸೇಡನ್ನು ಅವಳ ಅಭಿರುಚಿಯ ಮೇಲೆ ಲೇಖಕ ತೀರಿಸಿಕೊಳ್ಳಲು ಸಾಧ್ಯವಿತ್ತೇ?

ಇನ್ನು ಇಂದ್ರವದನ. ಯಕ್ಷಗಾನ ನೋಡಿದವರಿಗೆ ಈ ಪಾತ್ರ ಬೇಗ ಅರ್ಥವಾಗುತ್ತದೆ. ರಾಜನೆದುರು ನಿಂತು ರಾಜನನ್ನೇ ಕೆಣಕುವ ಅಧಿಕಾರ ಇರುವುದು ಹಾಸ್ಯಗಾರನಿಗೆ ಮಾತ್ರ. ಇಲ್ಲಿ ಮನೆಯ ಯಜಮಾನನೇ ಹಾಸ್ಯಗಾರ. ಸೊಸೆಯ ಪಕ್ಷ ಹಿಡಿದು ಹೆಂಡತಿಯನ್ನು ಕೆಣಕುತ್ತಾನೆ, ಕಿರಿಮಗನ ಕಾವ್ಯವನ್ನು ಹರಿದು ಹಾಕುತ್ತಾನೆ, ಕಿವಿ ಕೇಳದ ಮಧುಸೂದನ್ ಫೂಫಾನ ಮುಂದೆ ಬೇಕೆಂದೇ ಮೆಲ್ಲಗೆ ಮಾತಾಡುತ್ತಾನೆ. ದಪ್ಪ ಮೈಯ, ನರೆತ ಕೂದಲಿನ ಈ ಮನುಷ್ಯನ ಮುಖದಲ್ಲಿ ಕಾಣುವುದು ಆರು ವರ್ಷದ ತುಂಟ ಹುಡುಗ. ಕುಂದನ್ ಶಾ ಅವರ 'ಜಾನೇ ಭೀ ದೋ ಯಾರೋ' (1983) ಚಿತ್ರದಲ್ಲಿ ಕಮಿಷನರ್ ಡಿಮೆಲ್ಲೋನ ಹೆಣವಾಗಿ, ಅಲುಗಾಡದೆ ದೇಶವನ್ನೇ ನಗಿಸಿದ ನಟ ಈ ಸತೀಶ್ ಶಾ. ಮರುವರ್ಷ ದೂರದರ್ಶನದ 'ಯೇ ಜೋ ಹೈ ಜಿಂದಗಿ'ಯಲ್ಲಿ ಕಂತಿಗೊಂದು ವೇಷ. ಇಪ್ಪತ್ತು ವರ್ಷದ ಆ ಪಳಗುವಿಕೆ ಇಂದ್ರವದನನ ಒಂದೊಂದು ಕಳ್ಳನೋಟದಲ್ಲೂ ಇದೆ.

ಅವರೆದುರಿಗೆ ರತ್ನಾ ಪಾಠಕ್ ಶಾ. ಇಪ್ಟಾ ರಂಗಭೂಮಿಯಲ್ಲಿ, ಗುಜರಾತದ ಭವಾಯಿ ಜನಪದ ರಂಗದಲ್ಲಿ ಹೆಸರು ಮಾಡಿದ ದೀನಾ ಪಾಠಕ್ ಅವರ ಮಗಳು. ಮಾಯಾಳಾಗಿ ಅವರು ದನಿ ಎತ್ತುವುದೇ ಅಪರೂಪ. ಬೈಗುಳವನ್ನು ಬುದ್ಧಿಮಾತಿನ ಹಾಗೆ, ಅನುಕಂಪದ ಹಾಗೆ, 'ಬೇಟಾ' ಎಂಬ ಸಂಬೋಧನೆಯ ಜೊತೆ ಹೇಳುತ್ತಾರೆ. ಮಾಯಾ ಕೆಟ್ಟವಳಾಗಿ ಕಾಣದಿರುವುದಕ್ಕೆ ಕಾರಣ, ತಾನು ಸೊಸೆಗೆ ಉಪಕಾರ ಮಾಡುತ್ತಿದ್ದೇನೆಂದು ಅವಳು ನಿಜವಾಗಿ ನಂಬಿರುವುದು. ಸಂಚು ಹೂಡುವ ಅತ್ತೆಯರ ಕಾಲದಲ್ಲಿ ಈ ಅತ್ತೆ ಒಮ್ಮೆಯೂ ಸೊಸೆಯನ್ನು ಮನೆಯಿಂದ ಹೊರಗೆ ಹಾಕುವ ಯೋಚನೆ ಮಾಡಲಿಲ್ಲ. ತಿದ್ದುವುದಷ್ಟೇ ಅವಳ ಹಟ.

ಇಷ್ಟಾದರೂ ಧಾರಾವಾಹಿ ಓಡಲಿಲ್ಲ. ಟಿಆರ್‌ಪಿ ಬರಲಿಲ್ಲವೆಂದು ಸುಮಾರು 70 ಕಂತುಗಳ ನಂತರ 2006ರ ಏಪ್ರಿಲ್‌ನಲ್ಲಿ ನಿಂತಿತು. 2011ರಲ್ಲಿ ಸ್ಟಾರ್ ಒನ್ ವಾಹಿನಿಯೇ ಇಲ್ಲವಾಯಿತು. ಅಭಿಮಾನ ಬೆಳೆದದ್ದು ಆ ಮೇಲೆ. ಮರುಪ್ರಸಾರಗಳಲ್ಲಿ, ಆ ಬಳಿಕ ಯೂಟ್ಯೂಬ್‌ನಲ್ಲಿ, ಅದು ಪ್ರಸಾರವಾಗುವಾಗ ತೊಟ್ಟಿಲಲ್ಲಿದ್ದ ಮಕ್ಕಳೂ ಅದನ್ನು ನೋಡತೊಡಗಿದರು. ಯಾರಾದರೂ ಪ್ಲಾಸ್ಟಿಕ್ ಡಬ್ಬಿ ತೊಳೆದಿಟ್ಟರೆ 'ಮಿಡ್ಲ್ ಕ್ಲಾಸ್' ಎನ್ನುವುದು, ಕೆಟ್ಟ ಕವಿತೆ ಕೇಳಿದರೆ ರೋಸೇಶನನ್ನು ನೆನೆಯುವುದು ಎಷ್ಟೋ ಮನೆಗಳ ಒಳಭಾಷೆಯಾಯಿತು. ಹಿಂದಿ ಅರ್ಧಂಬರ್ಧ ಬರುವ ನಮ್ಮ ಕಡೆಯ ಮನೆಗಳಲ್ಲೂ ಆಯಿತು. ಪ್ರಸಾರದ ಕಾಲದಲ್ಲಿ ಸಿಗದ ಪ್ರೇಕ್ಷಕರು ನಿಂತ ಮೇಲೆ ಸಿಕ್ಕರು. ಮತ್ತೆ ಮಾಡಿ ಎಂಬ ಒತ್ತಾಯ ಹೆಚ್ಚುತ್ತ ಹೋಯಿತು.

2017ರ ಮೇ ತಿಂಗಳಲ್ಲಿ ಅದು ಮತ್ತೆ ಬಂತು, ಟಿ.ವಿ.ಯಲ್ಲಲ್ಲ, ಇಂದು ಜಿಯೋಹಾಟ್‌ಸ್ಟಾರ್ ಆಗಿರುವ ಅಂದಿನ ಹಾಟ್‌ಸ್ಟಾರ್‌ನಲ್ಲಿ. ಹೆಸರು 'ಸಾರಾಭಾಯ್ ವರ್ಸಸ್ ಸಾರಾಭಾಯ್: ಟೇಕ್ 2'. ನಟರು ಅವರೇ, ಲೇಖಕ ಅವರೇ. ಕಥೆಯಲ್ಲಿ ಕೆಲವು ವರ್ಷ ಕಳೆದಿವೆ, ಸಾಹಿಲ್-ಮೋನಿಷಾಗೆ ಮಗನಿದ್ದಾನೆ, ರೋಸೇಶನಿಗೆ ಹೆಂಡತಿ ಬಂದಿದ್ದಾಳೆ. ಮೊದಲ ಕಂತಿಗಾಗಿ ಕಾದ ಹಾಗೆ ನಾನು ಯಾವ ಸಿನಿಮಾಕ್ಕೂ ಕಾದದ್ದಿಲ್ಲ. ಆದರೆ ನೋಡುತ್ತ ಹೋದಂತೆ ಏನೋ ತಪ್ಪಿದ ಹಾಗೆ ಅನಿಸತೊಡಗಿತು. ಅನೇಕ ವಿಮರ್ಶಕರಿಗೂ ಹಾಗೆಯೇ ಅನಿಸಿತು. ನಟನೆ ಜೋರಾಯಿತು, ಹಾಸ್ಯ ಒರಟಾಯಿತು ಎಂದು ಬರೆದರು. ಅದು ನಿಜ, ಆದರೆ ಜೋರು ದನಿ ರೋಗದ ಲಕ್ಷಣವಷ್ಟೇ.

ಹನ್ನೊಂದು ವರ್ಷ ನಾವು ಆ ಪಾತ್ರಗಳ ಕೆಲವೇ ಮಾತುಗಳನ್ನು ಮತ್ತೆ ಮತ್ತೆ ಹೇಳುತ್ತ ಬಂದಿದ್ದೆವು. ಟೇಕ್ 2 ಅವೇ ಮಾತುಗಳನ್ನು ನಮಗೆ ತಿರುಗಿ ಬಡಿಸಿತು. ಮಾಯಾ 'ಮಿಡ್ಲ್ ಕ್ಲಾಸ್' ಎಂದರೆ ಅದು ಎದುರಿಗಿರುವ ಸೊಸೆಗೆ ಹೇಳಿದ ಮಾತಾಗಿ ಕೇಳುವುದಿಲ್ಲ, ಚಪ್ಪಾಳೆಗಾಗಿ ನಮ್ಮತ್ತ ಎಸೆದ ಮಾತಾಗಿ ಕೇಳುತ್ತದೆ. ಇದಕ್ಕಿಂತ ದೊಡ್ಡ ನಷ್ಟವಾದದ್ದು ಮೋನಿಷಾಳಿಗೆ. ಮೊದಲ ಆವೃತ್ತಿಯಲ್ಲಿ ಅವಳ ಚೌಕಾಸಿಗೆ ಒಂದು ಬುದ್ಧಿಯಿತ್ತು, ಸಂತೋಷವಿತ್ತು. ಹತ್ತು ರೂಪಾಯಿ ಉಳಿಸಿದವಳ ಗೆಲುವು ಮುಖದಲ್ಲಿ ಕಾಣುತ್ತಿತ್ತು. ಟೇಕ್ 2ರಲ್ಲಿ ಉಳಿದದ್ದು ಅವಳ ಗದ್ದಲ, ಜಿಪುಣತನ, ಕೊಳಕು. ಮಾಯಾ ಅವಳನ್ನು ಏನೆಂದು ಕರೆಯುತ್ತಿದ್ದಳೋ ಅವಳು ಈಗ ಅದೇ ಆಗಿದ್ದಾಳೆ. ಆಗ ಮಾಯಾಳ ಮಾತು ಬರೀ ಸತ್ಯವಾಗಿಬಿಡುತ್ತದೆ. ತಿರುಗಿ ನಗುವ ಸರದಿಯನ್ನು ಮೋನಿಷಾಳಿಂದ ಕಿತ್ತುಕೊಂಡಿದ್ದಾರೆ. ಗೆಳೆಯರ ಹಳೆಯ ಆರೋಪ ಈ ಆವೃತ್ತಿಗೆ ಸರಿಯಾಗಿ ಒಪ್ಪುತ್ತದೆ. 'ನಮ್ದೂಕೆ ನಿಮ್ದೂಕೆ' ಸಾಬಿಯ ಪಕ್ಕದಲ್ಲಿ ಮೋನಿಷಾಳೂ ಬಂದು ನಿಂತ ಹಾಗೆ ನನಗೆ ಕಂಡಿತು.

ನೋಡುವ ರೀತಿಯೂ ಬದಲಾಗಿತ್ತೆನ್ನಿ. 2005ರಲ್ಲಿ ಒಂದು ಮನೆಗೆ ಒಂದು ಟಿ.ವಿ. ಅತ್ತೆಯೂ ಸೊಸೆಯೂ ಒಂದೇ ಚಾಪೆಯ ಮೇಲೆ ಕೂತು ಈ ಅತ್ತೆ-ಸೊಸೆಯರನ್ನು ನೋಡಬೇಕಿತ್ತು. ಯಾರು ಯಾವ ಮಾತಿಗೆ ನಕ್ಕರೆಂಬುದನ್ನು ಇನ್ನೊಬ್ಬರು ಗಮನಿಸುತ್ತಿದ್ದರು. ಹಾಗಾಗಿ ಬರೆಯುವವನೂ ಎರಡೂ ಕಡೆ ನಗು ಹಂಚಬೇಕಿತ್ತು. 2017ರ ಪ್ರೇಕ್ಷಕ ಮೊಬೈಲಿನಲ್ಲಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಒಬ್ಬನೇ ನೋಡುವವನು. ಅವನ ಪಕ್ಕದಲ್ಲಿ ಮೋನಿಷಾ ಕೂತಿರುವುದಿಲ್ಲ.

ಹಳೆಯ ಹಾಸ್ಯಗಳನ್ನು ಎಬ್ಬಿಸುವ ಚಾಳಿ ಕನ್ನಡಕ್ಕೂ ಬಂತು. ಈಟಿವಿ ಕನ್ನಡದ ಕಾಲದ 'ಪಾಪ ಪಾಂಡು' 2018ರಲ್ಲಿ, 'ಸಿಲ್ಲಿ ಲಲ್ಲಿ' ಅದರ ಮರುವರ್ಷ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂದವು. ಅವುಗಳ ವಿಷಯ ಬೇರೆಯೇ ಬರೆಯಬೇಕು. ಇದೇ ಮಜೇಠಿಯಾ 2021ರಲ್ಲಿ ಆರ್.ಕೆ. ಲಕ್ಷ್ಮಣ್ ಅವರ 'ವಾಗ್ಲೆ ಕೀ ದುನಿಯಾ'ವನ್ನು ಮತ್ತೆ ತಂದಾಗ ಹೆಚ್ಚು ಜಾಣತನ ತೋರಿದರು. ಹಳೆಯ ವಾಗ್ಲೆ ದಂಪತಿಗಳಾದ ಅಂಜನ್ ಶ್ರೀವಾಸ್ತವ ಮತ್ತು ಭಾರತಿ ಆಚ್ರೇಕರ್ ಅವರನ್ನು ಅಜ್ಜ-ಅಜ್ಜಿಯಾಗಿಸಿ, ಕಥೆಯ ಭಾರವನ್ನು ಮುಂದಿನ ತಲೆಮಾರಿಗೆ ಕೊಟ್ಟರು. ಆ ಮಗ ವಾಗ್ಲೆ ಯಾರು ಗೊತ್ತೇ? ನಮ್ಮ ಸಾಹಿಲ್, ಸುಮೀತ್ ರಾಘವನ್. ಅಲ್ಲಿ ಪಾತ್ರಗಳಿಗೆ ವಯಸ್ಸಾಗಲು ಬಿಟ್ಟರು. ಸಾರಾಭಾಯ್‌ಗಳಿಗೆ ಆ ಅವಕಾಶ ಸಿಗಲಿಲ್ಲ. ನಟರಿಗೆ ವಯಸ್ಸಾಯಿತು, ಪಾತ್ರಗಳಿಗಾಗಲಿಲ್ಲ.

ಮೋನಿಷಾ ಆಗಿದ್ದ ರೂಪಾಲಿ ಗಂಗೂಲಿ 2020ರಿಂದ ಸ್ಟಾರ್ ಪ್ಲಸ್‌ನ 'ಅನುಪಮಾ' ಆಗಿ, ಎಲ್ಲರಿಗಾಗಿ ಸವೆದು ಕಣ್ಣೀರು ಸುರಿಸುವ ಗೃಹಿಣಿಯಾಗಿ ದೇಶದ ಮನೆಮಾತಾದರು. ಯಾವ ಬಗೆಯ ಧಾರಾವಾಹಿಯನ್ನು ಮೋನಿಷಾ ಬಾಯಿಬಿಟ್ಟು ನೋಡುತ್ತಿದ್ದಳೋ, ಯಾವುದನ್ನು ನೋಡಿ ಮಾಯಾ ಮೂಗು ಮುರಿಯುತ್ತಿದ್ದಳೋ ಅದೇ ಬಗೆ. 2025ರ ಜುಲೈಯಲ್ಲಿ 'ಕ್ಯೂಂಕಿ' ಕೂಡ ಎದ್ದು ಬಂತು. ಅಣಕಿಸಿದ್ದೂ ಮರಳಿತು, ಅಣಕಕ್ಕೆ ಗುರಿಯಾದದ್ದೂ ಮರಳಿತು. ಮಾಯಾ ಇದಕ್ಕೇನೆನ್ನುತ್ತಿದ್ದಳೆಂದು ಊಹಿಸುವುದು ಕಷ್ಟವಲ್ಲ.

2025ರ ಅಕ್ಟೋಬರ್ 25ರಂದು ಸತೀಶ್ ಶಾ ತೀರಿಕೊಂಡರು, 74 ವರ್ಷವಾಗಿತ್ತು. ಮರುದಿನ ಮುಂಬಯಿಯಲ್ಲಿ ಅಂತ್ಯಕ್ರಿಯೆಯ ಹೊತ್ತಿಗೆ ಸಾರಾಭಾಯ್ ತಂಡದವರು ಅಳುತ್ತಲೇ ಧಾರಾವಾಹಿಯ ಶೀರ್ಷಿಕೆ ಗೀತೆ ಹಾಡಿದರು. ಅದರ ದೃಶ್ಯ ಎಲ್ಲೆಡೆ ಹರಡಿತು. ಸಾವಿನ ಮನೆಯಲ್ಲಿ ಹಾಡೇ ಎಂದು ಹುಬ್ಬೇರಿಸಿದವರೂ ಇರಬಹುದು. ಹೆಣದ ಪಾತ್ರ ಮಾಡಿ ಜನರನ್ನು ನಗಿಸಿದ ಮನುಷ್ಯ ಅದನ್ನು ತಪ್ಪೆಂದು ತಿಳಿಯುತ್ತಿರಲಿಲ್ಲ.

ಹೊಸದಾಗಿ ನೋಡುವವರಿಗೆ ಒಂದು ಮಾತು. ಮೊದಲ 70 ಕಂತುಗಳಲ್ಲಿ ಎಲ್ಲಿಂದ ಶುರು ಮಾಡಿದರೂ ನಡೆಯುತ್ತದೆ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಕೂರಿಸಿಕೊಳ್ಳಿ. ಟೇಕ್ 2ರಲ್ಲಿ ಇಂದ್ರವದನ ಮತ್ತು ಮಾಯಾ ಇಬ್ಬರೇ ಇರುವ ದೃಶ್ಯಗಳನ್ನು ಹುಡುಕಿ ನೋಡಿ. ಅವರ ಜಗಳದಲ್ಲಿ ಆ ಹಳೆಯ ಸರಸ ಇನ್ನೂ ಉಳಿದಿದೆ. ಉಳಿದದ್ದನ್ನು ಬಿಟ್ಟರೂ ನಷ್ಟವಿಲ್ಲ.