ಕೊತ್ತಳಿಗೆ, ಹಲಸು, ವಿಲ್ಲೋ

ಕನ್ನಡ ಪಾಠ ಮಾಡುವ ಹೆಂಗಸಿಗೂ ಕ್ರಿಕೆಟ್ ಬ್ಯಾಟಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಮ್ಮವರೂ ಅದನ್ನೇ ಕೇಳಿದರು. ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಬ್ಯಾಟನ್ನು ಅಡ್ಡ ಮಲಗಿಸಿ, ಕನ್ನಡಕ ಸರಿಮಾಡಿಕೊಂಡು ನಾನು ಅಂಕಿ ಓದುತ್ತಿದ್ದಾಗ ಅವರು ಚಹಾಕ್ಕೆಂದು ಒಳಗೆ ಬಂದಿದ್ದರು. “ಇವತ್ತು ಇದರದ್ದೇ ಪಲ್ಯವಾ?” ಎಂದರು. ನಾನು ಉತ್ತರ ಕೊಡಲಿಲ್ಲ. ಒಂದು ಕಿಲೋ ಇನ್ನೂರೈವತ್ತು ಗ್ರಾಂ ಎಂದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡೆ.

2025ರ ನವೆಂಬರ್ 2ರ ಆದಿತ್ಯವಾರ ರಾತ್ರಿ ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರಲ್ಲ, ಇದೆಲ್ಲ ಶುರುವಾದದ್ದು ಅದರ ಮರುದಿನ. ಬೆಳಗಿನ ಪ್ರಾರ್ಥನೆ ಮುಗಿದದ್ದೇ ತಡ, ಒಂಬತ್ತನೇ ತರಗತಿಯ ಹುಡುಗಿಯರು ಹಿಂಡುಕಟ್ಟಿಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. “ಟೀಚರ್, ನಮಗೂ ಒಂದು ಟೀಮ್ ಬೇಕು.” ಆಟದ ಮೇಷ್ಟ್ರಿಗೆ ಗಂಡುಮಕ್ಕಳ ಕಬಡ್ಡಿಯೇ ತಲೆಗಿಂತ ಮೇಲೆ ಇತ್ತು. ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ನಿವೃತ್ತಿಗೆ ಹೆಚ್ಚು ವರ್ಷ ಉಳಿಯದವರ ಮೇಲೆ ಇಂಥ ಕೆಲಸಗಳು ತಾವಾಗಿಯೇ ಬಂದು ಕುಳಿತುಕೊಳ್ಳುತ್ತವೆ.

ಹುಡುಗಿಯರಿಗೆಂದು ಸಿಕ್ಕಿದ್ದು ಒಂದು ಇಂಗ್ಲಿಷ್ ವಿಲ್ಲೋ ಬ್ಯಾಟು. ಹಳೆ ವಿದ್ಯಾರ್ಥಿಯೊಬ್ಬರು ಕೊಟ್ಟದ್ದು. ಹುಡುಗರು ಮೂರು ವರ್ಷ ಆಡಿ, ಬುಡ ಸೀಳಿದ ಮೇಲೆ ಟೇಪು ಸುತ್ತಿ ದಾಟಿಸಿದ್ದರು. “ಬೆಲೆಬಾಳುವ ಬ್ಯಾಟು ಟೀಚರ್, ಜಾಗ್ರತೆ” ಎಂಬ ಎಚ್ಚರಿಕೆಯೂ ಜೊತೆಗಿತ್ತು. ನಮ್ಮಲ್ಲಿ ಒಬ್ಬಳು ಎರಡು ಜಡೆಯ ಹುಡುಗಿ, ಕೊಕ್ಕೋದಲ್ಲಿ ಮಿಂಚು. ಆಕೆಯೇ ಮೊದಲು ಬ್ಯಾಟು ಹಿಡಿದಳು. ಟೆನಿಸ್ ಚೆಂಡು ಬಂತು, ಹೋಯಿತು. ಬ್ಯಾಟು ಅದರ ಹಿಂದೆ ಬಂತು. ಹತ್ತು ಚೆಂಡಿನಲ್ಲಿ ತಾಗಿದ್ದು ಒಂದೋ ಎರಡೋ. “ಹುಡುಗಿಯರ ಕೈಗೆ ಅಷ್ಟೇ ಟೀಚರ್” ಎಂದರು ಅಲ್ಲೇ ನಿಂತಿದ್ದ ಒಬ್ಬರು. ಮರುದಿನ ಅವಳು ಮೆಲ್ಲನೆ ಬಂದು, “ನನಗೆ ಬರುವುದಿಲ್ಲ ಟೀಚರ್, ನಾನು ಸ್ಕೋರ್ ಬರೆಯುತ್ತೇನೆ” ಎಂದಳು.

ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ಹದಿಮೂರನೇ ವಯಸ್ಸಿನಲ್ಲಿ ಅದೇ ಮಾತನ್ನು ನಾನೂ ಹೇಳಿದ್ದೆ.

ಪಣಂಬೂರಿನಲ್ಲಿ ಬಂದರು ಕಟ್ಟುವಾಗ ಮನೆ, ಗದ್ದೆ ಬಿಟ್ಟು ಎದ್ದುಬಂದವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಜಾಗ ಕೊಟ್ಟಿದ್ದರಷ್ಟೆ. ಒಂದನೇ ಬ್ಲಾಕು, ಎರಡನೇ ಬ್ಲಾಕು ಎಂದು ಇಂದಿಗೂ ನಾವು ವಿಳಾಸ ಹೇಳುವುದು ಹಾಗೆಯೇ. ನಮ್ಮ ಮನೆಯವರೂ ಹಾಗೆ ಬಂದವರು. ಕಡಲ ಬದಿಯ ಹೊಯಿಗೆಯಿಂದ ಬಂದವರಿಗೆ ಇಲ್ಲಿ ಸಿಕ್ಕಿದ್ದು ಮುರಕಲ್ಲಿನ ನೆಲ. ನಾನು ಓಡಾಡುವ ಹೊತ್ತಿಗೆ ಅಂಗಳದಲ್ಲಿ ನೆಟ್ಟ ತೆಂಗಿನ ಸಸಿಗಳು ಇನ್ನೂ ಸಸಿಗಳೇ. ಆದ್ದರಿಂದ ಕೊತ್ತಳಿಗೆ ಬೇಕಾದರೆ ಹಳೆಯಂಗಡಿಯ ಅಜ್ಜಿಮನೆಗೆ ಹೋಗಬೇಕಿತ್ತು. ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ: ತೆಂಗಿನ ಮಡಲು ಮರಕ್ಕೆ ಅಂಟಿಕೊಂಡಿರುವ ಬುಡದ ಭಾಗವಿದೆಯಲ್ಲ, ಅಗಲವಾಗಿ ಬಾತುಕೋಳಿಯ ಕಾಲಿನಂತಿರುವುದು, ಅದೇ ಕೊತ್ತಳಿಗೆ. ಅಲ್ಲಿಂದ ಬೇಕಾದಷ್ಟು ಉದ್ದಕ್ಕೆ ಕಡಿದು, ಮೇಲ್ಭಾಗವನ್ನು ಹಿಡಿಗೆಂದು ಕತ್ತಿಯಿಂದ ಕೆತ್ತಿದರೆ ಬ್ಯಾಟು ತಯಾರು. ಬಸ್ಸಿನಲ್ಲಿ ಅಣ್ಣ ಅದನ್ನು ಗದೆಯಂತೆ ಹಿಡಿದುಕೊಂಡು ಬರುತ್ತಿದ್ದ. ಬಂದ ವಾರಕ್ಕೆ ಅಮ್ಮ ಅದನ್ನು ಬಚ್ಚಲ ಒಲೆಗೆ ಇಡುತ್ತಿದ್ದರು, ಅದು ಬೇರೆ ವಿಷಯ.

ಈಗ ಇಷ್ಟು ಬ್ಯಾಟುಗಳನ್ನು ಎತ್ತಿ ನೋಡಿದ ಮೇಲೆ ಹೇಳುತ್ತೇನೆ, ಕೊತ್ತಳಿಗೆಯನ್ನು ತಮಾಷೆ ಮಾಡಬೇಡಿ. ಹಸಿಯಾದದ್ದು ನೀರು ಕುಡಿದ ಬಟ್ಟೆಯಂತೆ ಭಾರ. ಪೂರ್ತಿ ಒಣಗಿದ್ದು ಹಗುರ, ಆದರೆ ಬೇಗ ಸೀಳುತ್ತದೆ. ಎರಡರ ನಡುವೆ, ಅರೆ ಒಣಗಿದ ನಾಲ್ಕೈದು ದಿನ ಅದಕ್ಕೆ ಸಮನಿಲ್ಲ. ಅದರ ಹೊರಮೈ ಉಬ್ಬು. ಚೆಂಡು ನಟ್ಟನಡುವೆ ತಾಗಿದರೆ ಮಾತ್ರ ನೇರ ಹೋಗುತ್ತದೆ. ಕೂದಲೆಳೆ ತಪ್ಪಿದರೂ ಪಕ್ಕದ ಮನೆಯ ಬಾವಿಗೆ. ಹಾಗಾಗಿ ಅದರಲ್ಲಿ ಆಡಿದವರ ಕಣ್ಣು ಚುರುಕಾಗುತ್ತದೆ. ಅಂಚು ಮಾತ್ರ ಕೈ ಕೊಯ್ಯುತ್ತದೆ. ಸೈಕಲ್ ಟ್ಯೂಬು ಸುತ್ತದಿದ್ದರೆ ಅಂಗೈ ಹೇಳಬಾರದು. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ನಮ್ಮ ನಮ್ಮ ಅಳತೆಗೆ ಕಡಿದುಕೊಳ್ಳಬಹುದಿತ್ತು. ನನ್ನದು ಅಣ್ಣನದ್ದಕ್ಕಿಂತ ಒಂದು ಗೇಣು ಚಿಕ್ಕದು. ಅದರಲ್ಲಿ ನಾನು ಅಣ್ಣನ ಗೆಳೆಯರಿಗೆ ಸಾಕಷ್ಟು ಕಾಟ ಕೊಟ್ಟಿದ್ದೇನೆ.

ಆಮೇಲೆ ಹಲಸು ಬಂತು. ಅಪ್ಪ ಆಚಾರಿಯವರಿಗೆ ಹೇಳಿ ಹಲಸಿನ ಹಲಗೆಯಲ್ಲಿ ಅಣ್ಣನಿಗೊಂದು ‘ಸರಿಯಾದ’ ಬ್ಯಾಟು ಮಾಡಿಸಿದರು. ನೋಡಲು ಬಲು ಚಂದ, ಅರಿಸಿನ ಹಚ್ಚಿದಂಥ ಬಣ್ಣ. ಆದರೆ ಹಿಡಿ, ಹಲಗೆ ಎಲ್ಲ ಒಂದೇ ಮರದ್ದು. ಅಂಗಡಿಯ ಬ್ಯಾಟಿನ ಹಿಡಿ ಬೆತ್ತದ್ದು: ಬೆತ್ತದ ಪಟ್ಟಿಗಳನ್ನು ನಡುವೆ ರಬ್ಬರಿಟ್ಟು ಅಂಟಿಸಿ, ತುದಿಯನ್ನು ಗೂಟದಂತೆ ಚೂಪುಮಾಡಿ ಹಲಗೆಯೊಳಗೆ ಕೂರಿಸಿರುತ್ತಾರೆ. ಚೆಂಡಿನ ಪೆಟ್ಟನ್ನು ಮೊದಲು ತಿನ್ನುವುದು ಆ ಬೆತ್ತ, ಉಳಿದದ್ದಷ್ಟೇ ನಮ್ಮ ಕೈಗೆ. ಹಲಸಿನ ಬ್ಯಾಟಿನಲ್ಲಿ ಆ ಮಧ್ಯಸ್ಥಿಕೆ ಇಲ್ಲ. ತುದಿಗೆ ಚೆಂಡು ತಾಗಿದರೆ ಮೊಣಕೈವರೆಗೆ ಝುಮ್ಮೆನ್ನುತ್ತಿತ್ತು. ಅಣ್ಣ ಹದಿನಾರರವನು, ಹೇಗೋ ಬೀಸಿದ. ನನಗೆ ಎತ್ತಲಿಕ್ಕೇ ಎರಡು ಉಸಿರು ಬೇಕಿತ್ತು. ಒಂದು ವಾರ ಮೊಣಕೈಗೆ ಎಣ್ಣೆ ತಿಕ್ಕಿಸಿಕೊಂಡು, “ನನಗೆ ಬರುವುದಿಲ್ಲ, ನಾನು ರನ್ನು ಬರೆಯುತ್ತೇನೆ” ಎಂದೆ. ಮದುವೆಯಾಗಿ ಹೋಗುವವರೆಗೂ ನಮ್ಮ ಬ್ಲಾಕಿನ ಹುಡುಗರ ರನ್ನು ನಾನೇ ಬರೆದದ್ದು. ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು 1976ರಲ್ಲೇ ಭಾರತದ ಮಹಿಳಾ ತಂಡದ ನಾಯಕಿಯಾಗಿ ಟೆಸ್ಟ್ ಆಡಿದ್ದರೆಂಬುದು ಆಗ ನನಗೆ ಗೊತ್ತೇ ಇರಲಿಲ್ಲ.

ಪ್ಲಾಸ್ಟಿಕ್ ಬ್ಯಾಟಿನ ಬಗ್ಗೆ ಹೇಳುವಂಥದ್ದು ಏನಿಲ್ಲ. ಜಾತ್ರೆಯಲ್ಲಿ ಕೊಳ್ಳುವುದು, ನವರಾತ್ರಿಯೊಳಗೆ ಒಡೆಯುವುದು.

ಕಾಶ್ಮೀರದ ವಿಲ್ಲೋ ನಮ್ಮ ಮನೆಗೆ ಬಂದದ್ದು ಮಗ ಪಿಯುಸಿಯಲ್ಲಿದ್ದಾಗ. ಅನಂತನಾಗ್ ಕಡೆಯ ಸಂಗಮ್, ಬಿಜ್‌ಬೆಹಾರಾಗಳಲ್ಲಿ ಹೆದ್ದಾರಿಯ ಬದಿಯಲ್ಲೇ ಕಟ್ಟಿಗೆಯ ಒಟ್ಟಿಲಿನಂತೆ ಬ್ಯಾಟಿನ ಮರ ಪೇರಿಸಿ ಒಣಗಿಸುವ ಚಿತ್ರಗಳನ್ನು ನೀವು ನೋಡಿರಬಹುದು. ಕಾಶ್ಮೀರದ ಮರ ಸ್ವಲ್ಪ ಕಂದು, ಗಟ್ಟಿ, ಭಾರ. ಇಂಗ್ಲೆಂಡಿನದು ಬಿಳಿ, ಮೆದು, ಗೆರೆಗಳು ನೇರ. ಮೆದು ಮರವೇ ಹೆಚ್ಚು ದೂರ ಹೊಡೆಯುತ್ತದೆ ಎಂಬುದು ನನಗೆ ಮೊದಲು ತಲೆಗೆ ಹೋಗಲಿಲ್ಲ. ಮಗ ವಿವರಿಸಿದ: ಹಲಗೆಯ ಮುಖವನ್ನು ಯಂತ್ರದಲ್ಲಿ ಒತ್ತಿ ಬಿಗಿ ಮಾಡಿರುತ್ತಾರೆ, ಒಳಗೆ ಮೆದುವಾಗಿಯೇ ಉಳಿದಿರುತ್ತದೆ, ಚೆಂಡು ಬಿದ್ದಾಗ ಅದು ತಗ್ಗಿ ಮತ್ತೆ ಎದ್ದು ದೂಡುತ್ತದೆ. ಆದರೆ ಹೊಸ ಬ್ಯಾಟು ಆ ಪೆಟ್ಟಿಗೆ ತಯಾರಿರುವುದಿಲ್ಲ. ಅದಕ್ಕೆ ಅಗಸೆ ಎಣ್ಣೆ ಕುಡಿಸಿ, ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ಮೆಲ್ಲಗೆ ಬಡಿಯಬೇಕು. ಹೊಸ ಕಬ್ಬಿಣದ ಕಾವಲಿಯನ್ನು ನಾವು ದೋಸೆಗೆ ಪಳಗಿಸುವುದಿಲ್ಲವೆ, ಹಾಗೆ. ಅವಸರ ಮಾಡಿದರೆ ದೋಸೆ ಏಳುವುದಿಲ್ಲ, ಬ್ಯಾಟು ಉಳಿಯುವುದಿಲ್ಲ. ನಮ್ಮ ಮಗರಾಯ ಅಗಸೆ ಎಣ್ಣೆ ಸಿಗಲಿಲ್ಲವೆಂದು ಮೊದಲು ತೆಂಗಿನೆಣ್ಣೆ ಹಚ್ಚಿದ. ಅಗಸೆ ಎಣ್ಣೆ ಮರದ ಮೇಲೆ ಒಣಗಿ ಪದರ ಕಟ್ಟುತ್ತದೆ, ತೆಂಗಿನೆಣ್ಣೆ ಒಣಗುವುದಿಲ್ಲ. ಒಂದು ತಿಂಗಳು ಬ್ಯಾಟು ಜಿಡ್ಡುಜಿಡ್ಡಾಗಿ, ಮನೆಯ ಇರುವೆಗಳಿಗೆಲ್ಲ ದಾರಿಯಾಯಿತು.

ಶಾಲೆಯ ಬ್ಯಾಟು ಮತ್ತು ಮಗನ ಈ ಹಳೆಯ ಬ್ಯಾಟು, ಇವೆರಡನ್ನೇ ನಾನು ತಕ್ಕಡಿಗೆ ಹಾಕಿದ್ದು. ಇಪ್ಪತ್ತು ಗ್ರಾಂ ಆಚೀಚೆ, ಅಷ್ಟೆ. ಕೈಯಲ್ಲಿ ಹಿಡಿದರೆ ಮಾತ್ರ ಮಗನದ್ದು ಹಗುರ, ಶಾಲೆಯದ್ದು ಕಲ್ಲು. ಬೆರಳ ಮೇಲೆ ಅಡ್ಡ ಇಟ್ಟು ತೂಗಿಸಿ ನೋಡಿದಾಗ ಗುಟ್ಟು ತಿಳಿಯಿತು. ಶಾಲೆಯ ಬ್ಯಾಟಿನ ಭಾರವೆಲ್ಲ ಬುಡದಲ್ಲಿ. ಅದೇ ಕೊಡಪಾನ ಸೊಂಟದ ಮೇಲಿದ್ದರೆ ಬಾವಿಯಿಂದ ಮನೆವರೆಗೆ ಮಾತಾಡುತ್ತ ಬರುತ್ತೇವೆ. ಕೈ ನೀಡಿ ಹಿಡಿದರೆ ಹತ್ತು ಹೆಜ್ಜೆ ಆಗುವುದಿಲ್ಲ. ಬ್ಯಾಟಿಗೆ ಬರೆದ ತೂಕ ಒಂದು, ಬೀಸುವಾಗಿನ ತೂಕ ಇನ್ನೊಂದು. ಹೀಗಿದ್ದೂ ಅಂಗಡಿಯವರು ಗ್ರಾಮಿನ ಲೆಕ್ಕ ಹೇಳಿಯೇ ಮಾರುತ್ತಾರೆ.

ಇನ್ನೊಂದು ಪರೀಕ್ಷೆ ಮಾಡಿದೆ. ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ತೂಗುಬಿಟ್ಟು, ಚೆಂಡಿನಿಂದ ಹಲಗೆಯನ್ನು ಮೇಲಿನಿಂದ ಕೆಳಗೆ ತಟ್ಟುತ್ತ ಬರುವುದು. ಒಂದು ಜಾಗದಲ್ಲಿ ಬೆರಳಿಗೆ ನಡುಕವೇ ಬರುವುದಿಲ್ಲ, ಸದ್ದು ಹಣ್ಣಾದ ಹಲಸನ್ನು ತಟ್ಟಿದ ಹಾಗೆ ತುಂಬಿ ಬರುತ್ತದೆ. ಬ್ಯಾಟಿನ ಜೀವ ಅಲ್ಲಿರುವುದು. ಒಪ್ಪಬೇಕಾದ ಮಾತು ಒಪ್ಪಲೇಬೇಕು: ಇಂಗ್ಲಿಷ್ ವಿಲ್ಲೋದಲ್ಲಿ, ಬುಡ ಸೀಳಿದ್ದರೂ, ಆ ಜಾಗ ಅಂಗೈಯಷ್ಟು ಅಗಲವಿತ್ತು. ಕಾಶ್ಮೀರದ್ದರಲ್ಲಿ ಎರಡು ಬೆರಳಷ್ಟು. ಈ ಮರಕ್ಕೆ ಜನ ಇಷ್ಟು ದುಡ್ಡು ಯಾಕೆ ಸುರಿಯುತ್ತಾರೆಂದು ಅರ್ಥವಾಯಿತು. ಆದರೆ ಅದು ಪೂರ್ಣ ಅಳತೆಯ ಬ್ಯಾಟು, ಬೆಳೆದ ಗಂಡಸಿಗೆ, ಚರ್ಮದ ಚೆಂಡಿಗೆ ಮಾಡಿದ್ದು. ಚರ್ಮದ ಚೆಂಡು ಸುಮಾರು 160 ಗ್ರಾಂ; ಹೆಂಗಸರ ಪಂದ್ಯದಲ್ಲಿ ಅದಕ್ಕಿಂತ ತುಸು ಹಗುರದ್ದು, 140ರಿಂದ 151 ಗ್ರಾಂ. ನಮ್ಮ ಹುಡುಗಿಯರ ಟೆನಿಸ್ ಚೆಂಡು ಅರುವತ್ತು ಗ್ರಾಮೂ ಇಲ್ಲ. ಅದಕ್ಕೆ ಬೇಕಾದದ್ದು ಕೈಯ ವೇಗ. ಸೊಳ್ಳೆ ಹೊಡೆಯಲು ಒನಕೆ ಕೊಟ್ಟರೆ ಆಗುತ್ತದೆಯೆ?

ಬ್ಯಾಟಿನ ನಿಯಮಗಳಿಗೇನೂ ಕಡಿಮೆಯಿಲ್ಲ. 1771ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬಾತ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ತಂದ ಮೇಲೆ ಅಗಲ ನಾಲ್ಕೂಕಾಲು ಇಂಚು ಮೀರಬಾರದೆಂದಾಯಿತು. 1979ರಲ್ಲಿ ಪರ್ತ್‌ನಲ್ಲಿ ಡೆನ್ನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ತಂದು ರಂಪವಾದ ಮೇಲೆ ಹಲಗೆ ಮರದ್ದೇ ಇರಬೇಕೆಂದಾಯಿತು. 2017ರಲ್ಲಿ ಅಂಚಿನ ದಪ್ಪ 40 ಮಿಲಿಮೀಟರು ದಾಟಬಾರದೆಂದರು. ಎಲ್ಲವೂ ಚೆಂಡು ಎಸೆಯುವವನ ಹಿತಕ್ಕೆ. ಬ್ಯಾಟು ಹಿಡಿದವರ ಕೈಗೆ ಅದು ಹೊಂದುತ್ತದೋ ಎಂದು ಕೇಳುವ ನಿಯಮ ಯಾವ ಪುಸ್ತಕದಲ್ಲೂ ಇಲ್ಲ.

ಹುಡುಗಿಗೆ ಯಾವುದು ಹೊಂದುತ್ತದೆಂದು ನೋಡಲು ನಾನು ಒಂದು ಉಪಾಯ ಮಾಡಿದೆ. ಈಗ ನಮ್ಮ ಅಂಗಳದಲ್ಲಿ ತೆಂಗಿಗೆ ಬರವಿಲ್ಲ. ಒಂದು ಅರೆ ಒಣಗಿದ ಕೊತ್ತಳಿಗೆಯನ್ನು ಅವಳ ಅಳತೆಗೆ ಕಡಿದು, ಟ್ಯೂಬು ಸುತ್ತಿ ಶಾಲೆಗೆ ಒಯ್ದೆ. ರಿಕ್ಷಾದವರು, “ಟೀಚರ್, ಯಾರಿಗೆ ಪೆಟ್ಟು?” ಎಂದರು. ಮಕ್ಕಳೆಲ್ಲ ನಕ್ಕರು. ಅವಳೂ ನಗುತ್ತಲೇ ಹಿಡಿದಳು. ಮೂರನೇ ಚೆಂಡು ನೇರವಾಗಿ ಎಸೆದವಳ ತಲೆಯ ಮೇಲಿಂದ ಧ್ವಜಕಟ್ಟೆಗೆ ಬಡಿಯಿತು. ಆಮೇಲಿನವೂ ಹೆಚ್ಚುಕಡಿಮೆ ಹಾಗೆಯೇ. ಮೊನ್ನೆ ಅಲ್ಲಿ ನಿಂತಿದ್ದವರು ಇವತ್ತೂ ಇದ್ದರು. ಅವರಿಗೆ ಯಾರೋ ಕರೆದಂತಾಗಿ ಆ ಕಡೆ ಹೋದರು.

ಶನಿವಾರ ಮಧ್ಯಾಹ್ನ ಮಂಗಳೂರಿಗೆ ಹೋದೆ. ಅಂಗಡಿಯ ಹುಡುಗ, “ಮಗನಿಗಾ ಅಕ್ಕ?” ಎಂದ. ಹುಡುಗಿಯರಿಗೆ ಎಂದೆ. ಗುಲಾಬಿ ಬಣ್ಣದ ಹಿಡಿಯದ್ದೊಂದು ತೆಗೆದಿಟ್ಟ. ಬಣ್ಣ ಬೇಡ, ಅಳತೆ ಬೇಕು ಎಂದೆ. ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಹೆಸರು ಹೇಳಿ ಒಂದು ದೊಡ್ಡ ಬ್ಯಾಟು ತೋರಿಸಿದ. ರಾಹುಲ್ ನಮ್ಮ ಶಾಲೆಗೆ ಆಡುವುದಿಲ್ಲವಪ್ಪ ಎಂದೆ. ಕೊನೆಗೆ ನಮ್ಮ ಕಡೆಯ ಅಂಡರ್‌ಆರ್ಮ್ ಪಂದ್ಯಾಟಗಳಲ್ಲಿ ಹುಡುಗರು ಹಿಡಿಯುವಂಥದ್ದು ಹೊರಗೆ ಬಂತು: ಕಾಶ್ಮೀರದ ಮರ, ಬೆನ್ನನ್ನು ದೋಣಿಯಂತೆ ತೋಡಿ ಭಾರ ಇಳಿಸಿದ್ದು. ಅದರಲ್ಲಿ ಆರನೇ ನಂಬರು ಕೇಳಿದೆ. ಐದಡಿಯ ಮಕ್ಕಳಿಗೆ ಅದೇ ಅಳತೆ. ನಾಲ್ಕು ಬ್ಯಾಟು ತೆಗೆಸಿ, ನಾಲ್ಕನ್ನೂ ಬೆರಳ ಮೇಲೆ ತೂಗಿಸಿ, ಎರಡು ಬೆರಳಲ್ಲಿ ತೂಗುಬಿಟ್ಟು ತಟ್ಟಿ ನೋಡಿದೆ. ಒಂದೇ ಹೆಸರು, ಒಂದೇ ಬೆಲೆಯ ನಾಲ್ಕರಲ್ಲಿ ಎರಡು ಸತ್ತ ಸದ್ದು, ಒಂದು ಬುಡಭಾರ. ಒಂದು ಒಳ್ಳೆಯದು. ಸೀರೆಯಂಗಡಿಯಲ್ಲಿ ನಲುವತ್ತು ಸೀರೆ ಬಿಡಿಸಿ ಹಾಕಿಸಿದ ಅನುಭವ ಇಲ್ಲಿ ಉಪಕಾರಕ್ಕೆ ಬಂತು.

ಕೆಲಸಕ್ಕೆ ಅದು ಕೊತ್ತಳಿಗೆಗಿಂತ ಉತ್ತಮ, ಸುಳ್ಳು ಹೇಳಬಾರದು. ಮುಖ ಚಪ್ಪಟೆ, ಹಿಡಿ ಕೈ ಕೊಯ್ಯುವುದಿಲ್ಲ, ಮಳೆಗಾಲದವರೆಗೂ ಉಳಿದೀತು. ಇಂಗ್ಲಿಷ್ ವಿಲ್ಲೋದ ಆ ತುಂಬಿದ ಸದ್ದು ಮಾತ್ರ ಇದಕ್ಕಿಲ್ಲ. ಹುಡುಗಿ ಸ್ಕೋರ್ ಪುಸ್ತಕ ನನ್ನ ಮೇಜಿನ ಮೇಲಿಟ್ಟು ಹೋದಳು.

ಸೋಮವಾರ ಸಾಮಾನಿನ ರಿಜಿಸ್ಟ್ರಿನಲ್ಲಿ ‘ಬ್ಯಾಟು, ಒಂದು, ನಂ. 6’ ಎಂದು ಬರೆದೆ. ಆಟದ ಮೇಷ್ಟ್ರು ನೋಡಿ, “ಸ್ವಲ್ಪ ದೊಡ್ಡದು ತಂದಿದ್ದರೆ ಹುಡುಗರಿಗೂ ಆಗುತ್ತಿತ್ತಲ್ಲ ಟೀಚರ್” ಎಂದರು. ಹೌದಲ್ಲ ಎಂದೆ. ಬ್ಯಾಟು ಈಗ ಸ್ಟಾಫ್ ರೂಮಿನ ನನ್ನ ಕಪಾಟಿನಲ್ಲಿ, ಅರ್ಧವಾರ್ಷಿಕದ ಉತ್ತರಪತ್ರಿಕೆಗಳ ಹಿಂದೆ ಉಂಟು. ಬೀಗದ ಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲಿದೆ.